ಮ್ಯಾಪು ಕಲಿಯೋಕೆ ಎರಡು ವರ್ಷ ಬೇಕಾ?

“ಅಲ್ಲಾ ಮೇಡಂ, ಫೋನ್ ತೆಗೆದ್ರೆ ಮ್ಯಾಪು. ಸಂದಿಗೊಂದಿ ಎಲ್ಲಾ ತೋರಿಸ್ತದೆ. ಅದನ್ನ ಕಲಿಯೋಕೆ ಎರಡು ವರ್ಷ ಎಂ.ಎಸ್ಸಿ ಯಾಕ್ ಬೇಕು?”

ದಾಸವಾಳದ ಬೇಲಿಯಾಚೆ ನಿಂತು ಗೌಡರು ಕೇಳಿದರು. ಅವರ ಮೊಮ್ಮಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಓದಲು ಸೇರಿದ್ದಾಳೆ. ಗೌಡರು ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು, ಟಿಪ್ಪಣಿ ಬರೆದು, ಪೋಡಿ ಮಾಡಿ, ಹದ್ದುಬಸ್ತಿನ ಜಗಳಗಳ ನಡುವೆ ನಿಂತು ನಿವೃತ್ತರಾದವರು. ಇಂಥ ಪ್ರಶ್ನೆ ಕೇಳುವ ಹಕ್ಕು ಅವರಿಗೆ ಇದ್ದೇ ಇದೆ. ನಾನು ಕಾಲೇಜಿನಲ್ಲಿ ಇದೇ ವಿಷಯ ಪಾಠ ಮಾಡುವವಳು. ಹೂವಿನ ಬುಟ್ಟಿ ಕೆಳಗಿಟ್ಟು ಮಾತಿಗೆ ನಿಂತೆ.

“ಫೋನಿನ ಮ್ಯಾಪು ದಾರಿ ತೋರಿಸ್ತದೆ ಗೌಡ್ರೇ. ಕುಕ್ಕರಹಳ್ಳಿ ಕೆರೆಗೆ ನೀರು ಯಾವ ಕಡೆಯಿಂದ ಬರ್ತಿತ್ತು, ಎಲ್ಲೆಲ್ಲಿ ಅಡ್ಡ ಬಿತ್ತು ಅಂತ ಅದನ್ನ ಕೇಳಿ ನೋಡಿ. ಉತ್ತರ ಬರಲ್ಲ.”

ಆ ಕೆರೆ ಮೊಮ್ಮಗಳು ಓದುವ ಕ್ಯಾಂಪಸ್ಸಿನ ಮಗ್ಗುಲಲ್ಲೇ ಇದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಕೆರೆಯ ಕಥೆ ತಿಳಿಯಬೇಕಾದರೆ ಅದರ ಅಂಚು ಒಂದು ಪದರ, ಬರುವ ಕಾಲುವೆ ಒಂದು, ನೆಲದ ಏರಿಳಿತ ಒಂದು, ರಸ್ತೆ ಮತ್ತೊಂದು, ಬಡಾವಣೆಯ ಮನೆಗಳು ಇನ್ನೊಂದು, ಹೀಗೆ ಒಂದರ ಮೇಲೊಂದು ಹಾಸಬೇಕು. ಪ್ರತಿ ಗೆರೆಯ ಹಿಂದೆ ಒಂದು ಪಟ್ಟಿ ಇರುತ್ತದೆ: ಇದು ಯಾವ ಕಾಲುವೆ, ಎಷ್ಟು ಅಗಲ, ಯಾವಾಗ ಅಳೆದದ್ದು. ಹಾಸಿದ ಮೇಲೆ ಪ್ರಶ್ನೆ ಕೇಳಬಹುದು. ಕಾಲುವೆಯಿಂದ ಮೂವತ್ತು ಮೀಟರಿನೊಳಗೆ ಎಷ್ಟು ಕಟ್ಟಡ ಬಂದಿವೆ? ಮಳೆ ನೀರು ಎಲ್ಲಿ ದಿಕ್ಕು ತಪ್ಪುತ್ತಿದೆ? ಈ ಕೇಳುವ ವಿದ್ಯೆಗೇ ಎರಡು ವರ್ಷ.

“ಪದರ ಹಾಸೋದೇನು ಕಷ್ಟ? ಕಂಪ್ಯೂಟರ್ ಮಾಡ್ತದೆ” ಅಂದರು.

ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಕಂಗಾಲಾಗುವುದು ಇಲ್ಲೇ. ಮೈಸೂರಿನ ಹಳೆಯ ಟೋಪೋಶೀಟು, ಅಂದರೆ ಸರ್ವೆ ಆಫ್ ಇಂಡಿಯಾದ ನಕ್ಷೆ, 57 ಡಿ/11. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಅದನ್ನು ಸ್ಕ್ಯಾನ್ ಮಾಡಿ, ಮೂಲೆಗಳ ಅಕ್ಷಾಂಶ ರೇಖಾಂಶ ಕೊಟ್ಟು, ಮೇಲೆ ಉಪಗ್ರಹದ ಚಿತ್ರ ಹಾಸಿದರೆ ಕೆರೆಯ ಏರಿ ನೂರು ಮೀಟರಿಗೂ ಮಿಕ್ಕಿ ಸರಿದು ಎಲ್ಲೋ ಕೂತಿರುತ್ತದೆ. ಕೊಟ್ಟ ಅಂಕಿ ಸರಿಯಾಗಿಯೇ ಇರುತ್ತದೆ, ಭೂಮಿ ಮಾತ್ರ ಬೇರೆ. ಹಳೆಯ ಶೀಟು ಎವರೆಸ್ಟ್ ಸಾಹೇಬನ 1830ರ ಲೆಕ್ಕದ ಭೂಮಿಯ ಮೇಲೆ ಬರೆದದ್ದು, ಉಪಗ್ರಹದ್ದು ಡಬ್ಲ್ಯೂಜಿಎಸ್ 84 ಎಂಬ ಲೆಕ್ಕದ್ದು. ಎರಡರ ಆಕಾರ ಒಂದೇ ಅಲ್ಲ, ನಡುಬಿಂದುವೂ ಒಂದೇ ಕಡೆ ಇಲ್ಲ.

ಎವರೆಸ್ಟ್ ಹೆಸರು ಕೇಳಿ ಗೌಡರ ಮುಖ ಅರಳಿತು. ಆ ಲೆಕ್ಕದ ಬೇರು ನಮ್ಮ ನೆಲದಲ್ಲೂ ಇದೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಿಡಿದು ಬೇಸ್‌ಲೈನ್ ಅಳೆದ. ಎರಡು ವರ್ಷಕ್ಕೆ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ತ್ರಿಕೋನಗಳ ಆ ದೊಡ್ಡ ಸರ್ವೆ ಶುರುವಾಯಿತು. ಮುಂದೆ ಅದನ್ನು ವಹಿಸಿಕೊಂಡವನೇ ಎವರೆಸ್ಟ್. ತರಗತಿಯಲ್ಲಿ ಇದನ್ನು ಹೇಳದೆ ಸೀದಾ “ಕಂಪ್ಯೂಟರಿನಲ್ಲಿ ಈ ಲೆಕ್ಕದ ಕೋಡ್ ಆರಿಸಿ” ಅಂದರೆ ಮಕ್ಕಳಿಗೆ ಅದು ಬರೀ ಒಂದು ಗುಂಡಿಯಾಗಿ ಉಳಿಯುತ್ತದೆ.

ಇನ್ನೊಂದು ಕೋಟಲೆಯೂ ಇದೆ. ನಮ್ಮ ರಾಜ್ಯದ ಬಹುಪಾಲು ಭೂಮಿಯನ್ನು ರೇಖಾಂಶದ ಪಟ್ಟಿಗಳಾಗಿ ಹಂಚುವ ಯುಟಿಎಂ ಲೆಕ್ಕದ 43ನೇ ವಲಯದಲ್ಲಿದೆ. 78 ಡಿಗ್ರಿ ರೇಖಾಂಶ ದಾಟಿದರೆ 44. ಮಾಲೂರು ಈಚೆ ಉಳಿಯಿತು, ಬಂಗಾರಪೇಟೆ ಆಚೆ ಹೋಯಿತು. ಕೋಲಾರ ಜಿಲ್ಲೆಯ ಮ್ಯಾಪು ಮಾಡುವ ಹುಡುಗ ಇದನ್ನು ಗಮನಿಸದಿದ್ದರೆ ಒಂದೇ ಜಿಲ್ಲೆ ಎರಡು ಕಡೆ ಬೀಳುತ್ತದೆ.

ಗೌಡರಿಗೆ ನಿಜಕ್ಕೂ ಹಿಡಿಸಿದ್ದು ಬೇರೆ ಸಂಗತಿ. ಅವರ ಕಾಲದ ಸರಪಳಿ 33 ಅಡಿಯದು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ, ಅಷ್ಟಕ್ಕೆ ಒಂದು ಗುಂಟೆ, 40 ಗುಂಟೆಗೆ ಎಕರೆ. ಗುಂಟೆಯೊಂದು 1089 ಚದರ ಅಡಿ, ಅಂದರೆ 101 ಚದರ ಮೀಟರ್. ಈಗ ಮಕ್ಕಳು ಪುಕ್ಕಟೆಯಾಗಿ ಇಳಿಸಿಕೊಳ್ಳುವ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ, ಹೆಚ್ಚುಕಡಿಮೆ ಒಂದು ಗುಂಟೆ.

“ಅಂದ್ರೆ ಆಕಾಶದಿಂದ ಗುಂಟೆ ಲೆಕ್ಕದಲ್ಲೇ ನೋಡ್ತದೆ ಅನ್ನಿ!” ಅಂದರು. ಈ ಮಾತನ್ನು ನಾನು ತರಗತಿಗೆ ಕೊಂಡೊಯ್ದಿದ್ದೇನೆ. ಹಳ್ಳಿಯಿಂದ ಬಂದ ಮಕ್ಕಳಿಗೆ ಪಿಕ್ಸೆಲ್ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಅಳತೆ ಸಿಗದು. ಒಂದು ಗುಂಟೆಯೊಳಗೆ ಅರ್ಧ ಬಾಳೆ, ಅರ್ಧ ತೆಂಗು ಇದ್ದರೆ ಉಪಗ್ರಹಕ್ಕೆ ಎರಡೂ ಕಲಸಿದ ಒಂದೇ ಬಣ್ಣ ಕಾಣುತ್ತದೆ ಅಂದರೆ ಥಟ್ಟನೆ ಹಿಡಿಯುತ್ತಾರೆ.

ಮೊಮ್ಮಗಳಿಗೆ ಕೊಟ್ಟ ಕೆಲಸ ಅವಳ ಸ್ವಂತ ಊರಿನ ಗ್ರಾಮ ನಕ್ಷೆ. ನಂಜನಗೂಡು ಕಡೆಯ ಹಳ್ಳಿ. ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರು, ಗಡಿ, ಕೆರೆ, ಓಣಿ ಎಲ್ಲ ಇದೆ, ಅಕ್ಷಾಂಶ ರೇಖಾಂಶ ಇಲ್ಲ. ಅದನ್ನು ಭೂಮಿಯ ಮೇಲೆ ಕೂರಿಸಬೇಕಾದರೆ ನಕ್ಷೆಯಲ್ಲೂ ನೆಲದಲ್ಲೂ ಒಂದೇ ಆಗಿರುವ ಜಾಗಗಳು ಬೇಕು. ಮೂರು ಊರಿನ ಗಡಿ ಕೂಡುವ ಕಲ್ಲುಗಳು ಇದಕ್ಕೆ ಬಹಳ ಒಳ್ಳೆಯವು. ಅವಳು ಕೆಲವನ್ನು ತಾನೇ ಹುಡುಕಿ, ಜಿಪಿಎಸ್ ಅಂಕಿ ತಂದು, ಕ್ಯೂಜಿಐಎಸ್‌ನಲ್ಲಿ ಕೂರಿಸಿದಳು. ತಂತ್ರಾಂಶ ಪ್ರತಿ ಬಿಂದುವಿನ ಎದುರು ಅದು ಎಷ್ಟು ದೂರ ತಪ್ಪಿದೆ ಅಂತ ಬರೆದು ತೋರಿಸುತ್ತದೆ. ಎಲ್ಲವೂ ಕೆಲವೇ ಮೀಟರಿನೊಳಗೆ ಇದ್ದವು, ಒಂದು ಕಲ್ಲು ಮಾತ್ರ ದೂರ ಹಾರಿತ್ತು.

ವಿದ್ಯಾರ್ಥಿಯ ಪ್ರಾಮಾಣಿಕತೆಗೆ ಇದೇ ಪರೀಕ್ಷೆ. ಆ ಒಂದು ಸಾಲನ್ನು ಅಳಿಸಿದರೆ ಸರಾಸರಿ ದೋಷ ಕೂಡಲೇ ಇಳಿಯುತ್ತದೆ, ವರದಿ ಚೆಂದ ಕಾಣುತ್ತದೆ, ಮಾರ್ಕ್ಸೂ ಬರುತ್ತದೆ. ಅವಳು ಅಳಿಸಲಿಲ್ಲ, ತಾತನನ್ನು ಕೇಳಿದಳು. ಗೌಡರು ಭಾನುವಾರ ಅವಳ ಜೊತೆ ಊರಿಗೆ ಹೋದರು. ಹಳೆಯ ಸರ್ವೆ ಟಿಪ್ಪಣಿಯ ನಕಲು ಹಿಡಿದು, ಗಟ್ಟಿ ಇದ್ದ ಎರಡು ಕಲ್ಲುಗಳಿಂದ ಟೇಪು ಎಳೆಸಿದರು. ಎರಡು ಅಳತೆ ಕೂಡಿದ ಜಾಗ ಲಂಟಾನದ ಮೆಳೆಯೊಳಗಿತ್ತು. ಕುಡುಗೋಲಿನಲ್ಲಿ ಸವರಿ ಮಣ್ಣು ಕೆದಕಿದರೆ ಮುರಿದ ಕಲ್ಲಿನ ಬುಡ ಸಿಕ್ಕಿತು. ಅವಳು ಮೊದಲು ಅಳೆದದ್ದು ಯಾರೋ ಬದುವಿನ ಮೇಲೆ ಆಮೇಲೆ ನೆಟ್ಟ ಕಲ್ಲು.

ಇದನ್ನು ಹೇಳುವಾಗ ಗೌಡರ ಧ್ವನಿಯಲ್ಲಿ ಹೆಮ್ಮೆ ಇತ್ತು. “ನಕ್ಷೆ ಸುಳ್ಳು ಹೇಳ್ಲಿಲ್ಲ ಮೇಡಂ, ಜಿಪಿಎಸ್ಸೂ ಹೇಳ್ಲಿಲ್ಲ. ಕಲ್ಲನ್ನೇ ಕಿತ್ತಿಟ್ಟಿದ್ರು.” ಆ ಒಂದು ಭಾನುವಾರ ಅವಳು ಕಲಿತದ್ದನ್ನು ನನ್ನ ಒಂದು ತಿಂಗಳ ಪಾಠ ಕಲಿಸಲಾರದು.

ಕೆರೆಗಳ ವಿಷಯದಲ್ಲೂ ಹೀಗೆ ನೆಲಕ್ಕೆ ಹೋಗಿ ನೋಡಲೇಬೇಕು. ಅಂತರಗಂಗೆ ಹಬ್ಬಿದ ಕೆರೆಯನ್ನು ಉಪಗ್ರಹದ ಚಿತ್ರದಲ್ಲಿ ನೋಡಿ. ಅಚ್ಚ ಹಸಿರು. ಹಸಿರಿನ ಸೂಚ್ಯಂಕ ಲೆಕ್ಕ ಹಾಕಿದರೆ ಕಂಪ್ಯೂಟರು ಅದನ್ನು ಸೊಂಪಾದ ಬೆಳೆ ಅಂತ ವಿಂಗಡಿಸುತ್ತದೆ. ಕೆರೆ ಇದ್ದಕ್ಕಿದ್ದಂತೆ ಗದ್ದೆಯಾಗುತ್ತದೆ. ನೀರು ಹರಿಯುವ ದಾರಿ ಲೆಕ್ಕ ಹಾಕಲು ಮಕ್ಕಳು ಬಳಸುವುದು 2000ದಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಸುತ್ತಿ ಅಳೆದ ಎತ್ತರದ ಅಂಕಿಗಳನ್ನು. ಅದರ ಒಂದು ಚೌಕ 30 ಮೀಟರ್, ಒಂಬತ್ತು ಗುಂಟೆಗೆ ಒಂದೇ ಎತ್ತರ. ಎರಡು ಮಾರು ಅಗಲದ ಕಾಲುವೆ ಅದಕ್ಕೆ ಕಾಣುವುದೇ ಇಲ್ಲ. ರಸ್ತೆಯ ಅಡಿಯ ಮೋರಿ ಗೊತ್ತಿರಲು ಸಾಧ್ಯವೇ ಇಲ್ಲ. ಪರದೆಯ ಮೇಲೆ ನೀಲಿ ಗೆರೆ ಮಾತ್ರ ಅಂದವಾಗಿ ಬಂದುಬಿಡುತ್ತದೆ. ಅಂಥ ಗೆರೆ ನಂಬಿ ಯಾರಾದರೂ ಬಡಾವಣೆಗೆ ಒಪ್ಪಿಗೆ ಕೊಟ್ಟರೆ ಮಳೆಗಾಲದಲ್ಲಿ ನೀರು ನುಗ್ಗುವುದು ಬಡವರ ಮನೆಗೆ. ಮ್ಯಾಪು ಮಾಡುವವಳು ಏರಿಯ ಮೇಲೆ ಒಮ್ಮೆ ನಡೆಯಲೇಬೇಕು, ಅದಕ್ಕೆ ಬದಲಿಲ್ಲ.

ಸಲಕರಣೆಗೆ ಈಗ ಕೊರತೆಯಿಲ್ಲ. 2002ರಲ್ಲಿ ಶುರುವಾದ ಕ್ಯೂಜಿಐಎಸ್ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳು 2017ರಿಂದ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತವೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮ್ಯಾಪು ಮಾಡಲು ಬೇಕಿದ್ದ ಅನುಮತಿಗಳನ್ನೂ ಸಡಿಲಿಸಿತು. ನಮ್ಮಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಗೊತ್ತಾಗುತ್ತದೆ.

ಇಷ್ಟಿದ್ದೂ ಎಷ್ಟೋ ಕಡೆ ಪರೀಕ್ಷೆಯಲ್ಲಿ “ಜಿಐಎಸ್ ಎಂದರೇನು, ಅದರ ಅಂಗಗಳನ್ನು ವಿವರಿಸಿ” ಅಂತಲೇ ಕೇಳುತ್ತೇವೆ. ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ. ಲ್ಯಾಬಿನಲ್ಲಿ ಎಲ್ಲರಿಗೂ ಒಂದೇ ಸಿದ್ಧ ದತ್ತಾಂಶ, ಎಲ್ಲರಿಂದಲೂ ಒಂದೇ ಮ್ಯಾಪು. ಕ್ಷೇತ್ರಕಾರ್ಯ ಎಂದರೆ ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಹೋಗಿ ಬರುವ ಪ್ರವಾಸ. ಇದು ನನಗೆ ಸಹಿಸಲಾಗದ ಸಂಗತಿ. ಒಂದು ಪೂರ್ತಿ ಸೆಮಿಸ್ಟರ್ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಕೆರೆಯನ್ನೋ ಒಂದು ಹಳ್ಳವನ್ನೋ ಅಳೆದು, ಪ್ರತಿ ಗೆರೆಯ ಹಿಂದೆ “ಇದನ್ನು ಯಾರು, ಯಾವಾಗ, ಯಾವುದರಿಂದ ಅಳೆದರು” ಅಂತ ಬರೆದು ಕೊಡಬೇಕು. ಅಂಥ ಮ್ಯಾಪನ್ನು ಗ್ರಾಮ ಪಂಚಾಯಿತಿಯವರು ಗೋಡೆಗೆ ತೂಗುಹಾಕಿಕೊಳ್ಳಬಹುದು, ಬಳಸಲೂಬಹುದು.

“ನಮ್ಮನ್ನೂ ಕರೀರಿ ಮೇಡಂ, ಟಿಪ್ಪಣಿ ಓದೋದು ಹೇಳ್ಕೊಡ್ತೀವಿ” ಅಂದರು ಗೌಡರು. ಕರೆಯಲೇಬೇಕು. ಟಿಪ್ಪಣಿ, ಆಕಾರ್‌ಬಂದ್, ಖರಾಬು ಜಮೀನಿನ ಗುರುತು, ಇವನ್ನೆಲ್ಲ ಓದಬಲ್ಲ ಹಿರಿಯ ಸರ್ವೆಯರುಗಳು ಎಲ್ಲ ತಾಲೂಕಿನಲ್ಲೂ ಇದ್ದಾರೆ. ಯಾವ ಪಠ್ಯಕ್ರಮದಲ್ಲೂ ಅವರಿಗೆ ಜಾಗ ಕೊಟ್ಟದ್ದನ್ನು ನಾನು ನೋಡಿಲ್ಲ.

ಓದುಗರಲ್ಲಿ ಒಂದು ಮಾತು. ಬೆನ್ನಿಗೆ ಚೀಲ ಹಾಕಿಕೊಂಡು, ಕೈಯಲ್ಲಿ ಜಿಪಿಎಸ್ಸೋ ಫೋನೋ ಹಿಡಿದು, ನಿಮ್ಮ ಹೊಲದ ಬದುವಿನಲ್ಲಿ ಹುಡುಗ ಹುಡುಗಿಯರು ನಿಂತಿದ್ದರೆ ಜಮೀನು ಕಿತ್ತುಕೊಳ್ಳಲು ಬಂದವರು ಅಂತ ಗದರಿಸಿ ಕಳಿಸಬೇಡಿ. ಯಾವ ಕಾಲೇಜು ಅಂತ ಕೇಳಿ, ಕುಡಿಯಲು ನೀರು ಕೊಡಿ. ಗಡಿಕಲ್ಲು ಎಲ್ಲಿದೆ ತೋರಿಸಿ. ಕಾಲುವೆ ಮೊದಲು ಯಾವ ಕಡೆ ಹರಿಯುತ್ತಿತ್ತು ಅನ್ನುವುದು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿದ್ದರೆ ಅದನ್ನೂ ಬರೆಸಿ ಕಳಿಸಿ.