ಪಕ್ಕದ ಕೋಣೆಗೂ ದಾರಿ ಮಾಡಿಕೊಡಿ

ಮನೆಮನೆಗೆ ಫೈಬರ್ ಎಳೆಯುವ ಕಂಪನಿಗಳ ಯಜಮಾನರಿಗೆ, ಅವರ ಪರವಾಗಿ ಏಣಿ ಹೊತ್ತು ನಮ್ಮ ಬೀದಿಗೆ ಬರುವ ತಮ್ಮಂದಿರಿಗೆ,



ನಮ್ಮಂಥ ಜಿಲ್ಲಾ ಕೇಂದ್ರದ ಬಡಾವಣೆಗಳಿಗೂ ಫೈಬರ್ ಬಂತು. ಮಳೆಗಾಲದಲ್ಲಿ ಕಂಬ ಹತ್ತಿ, ತೆಂಗಿನ ಗರಿ ಬಿದ್ದು ಹರಿದ ತಂತಿ ಕೂಡಿಸಿ ಕೊಟ್ಟಿದ್ದೀರಿ. ಅದಕ್ಕೆ ನಾವು ಋಣಿಗಳು. ಆದರೆ ಪ್ರತಿ ಮನೆಯಲ್ಲೂ ನೀವು ಅರ್ಧಕ್ಕೆ ಬಿಟ್ಟುಹೋಗುವ ಕೆಲಸ ಒಂದಿದೆ. ನೀವು ಹೋದ ಮೇಲೆ ಹಾಲಿನಲ್ಲಿರುವ ಕಂಪ್ಯೂಟರಿನಿಂದ ಅಮೆರಿಕದ ಪುಟ ತೆರೆಯುತ್ತದೆ. ಮಹಡಿಯಲ್ಲಿ ಮಗಳು ಇಟ್ಟುಕೊಂಡಿರುವ ಲ್ಯಾಪ್‌ಟಾಪಿನ ಒಂದು ಫೋಲ್ಡರ್ ಮಾತ್ರ ತೆರೆಯುವುದಿಲ್ಲ.

ಹಾಗಾಗಿ ಮನೆಮಂದಿ ಮಾಡುವುದೇನು? ಮಗಳು ಫೋಟೋಗಳನ್ನು ಅಪ್ಪನಿಗೆ ವಾಟ್ಸ್ಆ್ಯಪ್ ಮಾಡುತ್ತಾಳೆ. ಅಲ್ಲಿ ಅವು ಕುಗ್ಗಿ, ಮುದ್ರಿಸಲು ಹೋದರೆ ಮುಖ ಮಸುಕಾಗಿ ಬರುತ್ತವೆ. ಜಿಮೇಲ್‌ನಲ್ಲಿ ಕಳಿಸೋಣವೆಂದರೆ ಲಗತ್ತಿನ ಮಿತಿ 25 ಎಂಬಿ. ಗೂಗಲ್ ಡ್ರೈವ್‌ನಲ್ಲಿ ಇಡೋಣವೆಂದರೆ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೇ ಮೇಲ್, ಫೋಟೋ ಎಲ್ಲವೂ ಹಿಡಿಯಬೇಕು. ಕೊನೆಗೆ ಪೆನ್ ಡ್ರೈವ್. ಅದು ಎಲ್ಲಿಟ್ಟಿದೆ ಎಂದು ಮನೆಯೆಲ್ಲ ಹುಡುಕಾಟ.

ಲೆಕ್ಕ ಹಾಕಿ ನೋಡಿ. ಮದುವೆಯ ವಿಡಿಯೋ 20 ಜಿಬಿ ಇದೆ ಎನ್ನೋಣ. 40 ಎಂಬಿಪಿಎಸ್ ಪ್ಲ್ಯಾನಿನಲ್ಲಿ ಅದನ್ನು ಮೇಲೆ ಹತ್ತಿಸಲು ಒಂದು ಗಂಟೆಗೂ ಹೆಚ್ಚು ಬೇಕು, ಮತ್ತೆ ಕೆಳಗಿಳಿಸಲು ಇನ್ನೊಂದು ಗಂಟೆ. ಅದೇ ಫೈಲು ಗಿಗಾಬಿಟ್ ಕೇಬಲಿನಲ್ಲಿ ಹಾಲಿನಿಂದ ಮಹಡಿಗೆ ಹೋಗಲು ಮೂರು ನಿಮಿಷ ಸಾಕು. ಹತ್ತು ಮೆಟ್ಟಿಲು ಹತ್ತಬೇಕಾದ ಕಡತ ಯಾವುದೋ ದೂರದ ಸರ್ವರಿಗೆ ಹೋಗಿ ಬರುತ್ತಿದೆ. ದಾರಿಯ ಖರ್ಚು ನಮ್ಮದು. ಮನೆಯ ಚಿತ್ರಗಳ ಒಂದು ಪ್ರತಿ ಪರರ ಮನೆಯಲ್ಲಿ. ಇದು ನನಗೆ ಸರಿ ಕಾಣುವುದಿಲ್ಲ. ನಮ್ಮ ಮನೆಯ ವಿಷಯ ನಮ್ಮ ಮನೆಯೊಳಗೇ ಓಡಾಡಬೇಕು ಎಂದು ಬಯಸುವುದು ಅತಿಯಾಸೆಯಲ್ಲ. ಅದಕ್ಕೆ ಬೇಕಾದ್ದೆಲ್ಲ ನೀವು ಗೋಡೆಗೆ ಬಡಿದು ಹೋದ ಬಿಳಿ ಡಬ್ಬಿಯಲ್ಲಿ ಆಗಲೇ ಇದೆ.

ಆ ಡಬ್ಬಿ ಮನೆಯ ಪ್ರತಿ ಯಂತ್ರಕ್ಕೂ ಒಂದು ಅಂಕಿ ಕೊಡುತ್ತದೆ. ಸಾಮಾನ್ಯವಾಗಿ ಅದು 192.168 ಎಂದು ಶುರುವಾಗುತ್ತದೆ. ಈ ಅಂಕಿಗಳನ್ನು ಖಾಸಗಿ ಬಳಕೆಗೆಂದೇ ಎತ್ತಿಟ್ಟ ನಿಯಮ 1996ರದ್ದು. ಊರಿನ ಪ್ರತಿ ಮನೆಯಲ್ಲೂ ಒಬ್ಬಳು ಪುಟ್ಟಿ ಇದ್ದರೂ ಯಾರಿಗೂ ಗೊಂದಲವಾಗುವುದಿಲ್ಲವಲ್ಲ, ಆ ಹೆಸರು ಹೊಸಿಲು ದಾಟುವುದಿಲ್ಲ, ಇವೂ ಹಾಗೆಯೇ. ಹೊಸಿಲೊಳಗೆ ಯಂತ್ರಗಳು ಒಂದನ್ನೊಂದು ಕರೆಯಲು ಇಂಟರ್ನೆಟ್ ಬೇಕಾಗಿಯೇ ಇಲ್ಲ. ನಿಮ್ಮ ಫೈಬರ್ ಹರಿದು ಎರಡು ದಿನ ಸಂಪರ್ಕ ಹೋದರೂ, ಕರೆಂಟು ಒಂದಿದ್ದರೆ, ಮನೆಯೊಳಗಿನ ಜಾಲ ನಡೆಯುತ್ತಲೇ ಇರುತ್ತದೆ. ಇದನ್ನು ನಿಮ್ಮ ಗ್ರಾಹಕರಿಗೆ ಯಾರೂ ಹೇಳಿಲ್ಲ. ನೆಟ್ ಹೋದರೆ ಎಲ್ಲವೂ ಹೋಯಿತು ಎಂದೇ ಜನ ನಂಬಿದ್ದಾರೆ.

ಇತಿಹಾಸವೂ ಮನೆಯೊಳಗಿನ ಜಾಲದ ಪರವಾಗಿಯೇ ಇದೆ. 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್ ಈಥರ್ನೆಟ್ ಕಲ್ಪಿಸಿಕೊಂಡದ್ದು ಒಂದೇ ಕಟ್ಟಡದ ಕಂಪ್ಯೂಟರುಗಳು ಪರಸ್ಪರ ಮಾತಾಡಲಿ, ಒಂದೇ ಪ್ರಿಂಟರನ್ನು ಹಂಚಿಕೊಳ್ಳಲಿ ಎಂದು. ಇವತ್ತು ವಿಂಡೋಸ್ ಫೋಲ್ಡರ್ ಹಂಚುವಾಗ ಬಳಸುವ ಎಸ್‌ಎಂಬಿ ಎಂಬ ಭಾಷೆ ಹುಟ್ಟಿದ್ದು 1980ರ ದಶಕದ ಆರಂಭದಲ್ಲಿ, ಐಬಿಎಂನ ಬ್ಯಾರಿ ಫೈಗೆನ್‌ಬೌಮ್ ಕೈಯಲ್ಲಿ. ಆಮೇಲೆ, 1991ರ ಕೊನೆಯ ಹೊತ್ತಿಗೆ, ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಜೆಲ್ ತಂತಿಯ ಮೇಲೆ ಹರಿಯುವ ಸಂದೇಶಗಳನ್ನು ಗಮನಿಸಿ ಗಮನಿಸಿಯೇ ಅಂಥ ಭಾಷೆಯನ್ನು ಬಿಡಿಸಿ, ಯುನಿಕ್ಸ್ ಯಂತ್ರವೂ ಪಿಸಿಯೂ ಫೈಲು ಹಂಚಿಕೊಳ್ಳುವ ತಂತ್ರಾಂಶ ಬರೆದರು. ಅದೇ ಬೆಳೆದು ಸಾಂಬಾ ಆಯಿತು. ಯಾರು ಬೇಕಾದರೂ ಬಳಸಿ ಎಂದು ಬಿಟ್ಟುಕೊಟ್ಟರು. ಮನೆಗಳಲ್ಲಿ ಇಡುವ ನ್ಯಾಸ್ ಎಂಬ ಎಷ್ಟೋ ಕಡತ ಸಂಗ್ರಹದ ಪೆಟ್ಟಿಗೆಗಳಲ್ಲಿ, ಹಿಂದೆ ಯುಎಸ್‌ಬಿ ಕಿಂಡಿಯಿರುವ ಎಷ್ಟೋ ರೌಟರುಗಳಲ್ಲಿ ಇಂದು ಓಡುತ್ತಿರುವುದು ಅದೇ. ಹೀಗೆ ಧಾರಾಳವಾಗಿ ದಕ್ಕಿದ ಒಂದು ಸೌಕರ್ಯ ನಮ್ಮ ಮನೆಗಳಲ್ಲಿ ಮುಟ್ಟದೆ ಬಿದ್ದಿದೆ ಎಂಬುದೇ ನನ್ನ ಸಂಕಟ.

ಎಲ್ಲಿ ಕೆಟ್ಟಿದೆ ಎಂದು ಹೇಳುತ್ತೇನೆ. ನೆಂಟರಿಷ್ಟರ ಮನೆಗಳಲ್ಲಿ ಇದನ್ನು ಜೋಡಿಸಿಕೊಡುವಾಗ ನಾನು ಮತ್ತೆ ಮತ್ತೆ ಕಂಡದ್ದು ಇದು.

ನಿಮ್ಮ ಡಬ್ಬಿಯ ವೈಫೈ ಮಹಡಿಗೆ ಮುಟ್ಟುವುದಿಲ್ಲ ಎಂದು ಮನೆಯವರು ಅಂಗಡಿಯಿಂದ ಇನ್ನೊಂದು ರೌಟರ್ ತರುತ್ತಾರೆ. ನಿಮ್ಮ ಹುಡುಗ ಬಂದು, ನಿಮ್ಮ ಡಬ್ಬಿಯಿಂದ ಕೇಬಲ್ ತೆಗೆದು ಹೊಸದರಲ್ಲಿ ಇಂಟರ್ನೆಟ್ ಒಳಬರುವ ವ್ಯಾನ್ ಕಿಂಡಿಗೆ ಚುಚ್ಚುತ್ತಾನೆ. ನೆಟ್ ಬರುತ್ತದೆ. ಎಲ್ಲರಿಗೂ ಖುಷಿ. ಆದರೆ ಆ ಗಳಿಗೆಯಿಂದ ಆ ಮನೆಯಲ್ಲಿ ಜಾಲ ಒಂದಲ್ಲ, ಎರಡು. ಕೆಳಗಿನವರು 192.168.1ರಲ್ಲಿ, ಮೇಲಿನವರು 192.168.0ರಲ್ಲಿ. ಕೆಳಗಿನ ಯಂತ್ರಕ್ಕೆ ಮೇಲಿನದು ಕಾಣಿಸುವುದೇ ಇಲ್ಲ. ಹೊಸ ರೌಟರನ್ನು ಬರೀ ವೈಫೈ ಹರಡುವ ಆ್ಯಕ್ಸೆಸ್ ಪಾಯಿಂಟ್ ಮಾಡಿಬಿಟ್ಟರೆ ಇಡೀ ಮನೆ ಒಂದೇ ಜಾಲಕ್ಕೆ ಬರುತ್ತದೆ. ಆ ಸೌಲಭ್ಯವಿಲ್ಲದ ರೌಟರಾದರೆ ಅದರ ವಿಳಾಸ ಬದಲಿಸಿ, ಅಂಕಿ ಹಂಚುವ ಕೆಲಸ ನಿಲ್ಲಿಸಿ, ಕೇಬಲನ್ನು ಲ್ಯಾನ್ ಕಿಂಡಿಗೆ ಹಾಕಿದರೂ ಆಯಿತು. ಬಲ್ಲವನಿಗೆ ಐದು ನಿಮಿಷದ ಕೆಲಸ. ತಮ್ಮಂದಿರೇ, ನಿಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತು. ಮಾಡಿ ಎಂದು ಮೇಲಿನವರು ನಿಮಗೆ ಹೇಳಿಲ್ಲ, ಅಷ್ಟೆ.

ಗ್ರಾಹಕರೇ ಮಾಡಿಕೊಳ್ಳೋಣವೆಂದರೆ ನಿಮ್ಮ ಡಬ್ಬಿಯೊಳಗೆ ಹೋಗುವ ಪಾಸ್‌ವರ್ಡ್ ಅವರ ಕೈಯಲ್ಲಿ ಇರುವುದಿಲ್ಲ. ಕೇಳಿದರೆ, ಕೊಡುವುದಿಲ್ಲ ಸಾರ್, ಕಂಪನಿ ರೂಲ್ಸು ಎಂಬ ಉತ್ತರ ನಾನೇ ಕೇಳಿದ್ದೇನೆ. ಯಜಮಾನರೇ, ನಿಮ್ಮ ಫೈಬರಿನ ಕಡೆಯ ಸೆಟ್ಟಿಂಗ್ ನಿಮ್ಮದು, ಅದಕ್ಕೆ ಬೀಗ ಹಾಕಿಕೊಳ್ಳಿ. ಮನೆಯ ಕಡೆಯದು ನಮ್ಮದು. ಅದರ ಕೀಲಿಯನ್ನು ನಮಗೆ ಕೊಡಿ.

ಇನ್ನು ವಿಂಡೋಸ್‌ನ ಕಡೆ. ಜನ ಬೇಸತ್ತು ಕೈಬಿಡುವುದು ಇಲ್ಲಿಯೇ. ಹೊಸ ಜಾಲಕ್ಕೆ ಸೇರಿದ ಕಂಪ್ಯೂಟರ್ ಅದನ್ನು ಪಬ್ಲಿಕ್ ಎಂದು ಎಣಿಸಿ, ರೈಲ್ವೆ ಸ್ಟೇಷನ್ನಿನಲ್ಲಿ ಕೂತಂತೆ ಎಲ್ಲ ಬಾಗಿಲೂ ಮುಚ್ಚಿಕೊಂಡುಬಿಡುತ್ತದೆ. ಮನೆಯಲ್ಲಿ ಅದನ್ನು ಪ್ರೈವೇಟ್ ಮಾಡಬೇಕು, ಎರಡೂ ಯಂತ್ರಗಳಲ್ಲಿ. ಆಮೇಲೆ ಫೋಲ್ಡರನ್ನು ಶೇರ್ ಮಾಡಿ, ಇನ್ನೊಂದು ಕಂಪ್ಯೂಟರಿನ ಫೈಲ್ ಎಕ್ಸ್‌ಪ್ಲೋರರಿನಲ್ಲಿ ವಿಳಾಸ ಬರೆಯುವಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಮೊದಲ ಯಂತ್ರದ ಹೆಸರು ಬರೆದರೆ ಅದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಜನ ದಿನಾ ಒತ್ತುವ ನಾಲ್ಕಂಕಿಯ ಪಿನ್ ಒತ್ತುತ್ತಾರೆ. ತಪ್ಪು ಎನ್ನುತ್ತದೆ. ಮತ್ತೆ ಒತ್ತುತ್ತಾರೆ, ಮತ್ತೆ ತಪ್ಪು. ಪಿನ್ ಸಲ್ಲುವುದು ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ. ಜಾಲದ ಮೂಲಕ ಬಂದವರು ಕೊಡಬೇಕಾದ್ದು ಖಾತೆಯ ನಿಜವಾದ ಪಾಸ್‌ವರ್ಡ್ ಎಂದು ಆ ಪರದೆಯಲ್ಲಿ ಎಲ್ಲೂ ಬರೆದಿಲ್ಲ. ಪಾಸ್‌ವರ್ಡೇ ಇಡದ ಖಾತೆಯಾದರೆ ಜಾಲದಿಂದ ಒಳಗೆ ಬಿಡುವುದೂ ಇಲ್ಲ. ನಿವೃತ್ತರಾದ ಒಬ್ಬ ಮೇಷ್ಟ್ರು ಇದೇ ಪರದೆಯ ಮುಂದೆ ಕೂತು, ನನಗೆ ವಯಸ್ಸಾಯಿತು ಕಣಯ್ಯ, ಇದೆಲ್ಲ ಇನ್ನು ಹತ್ತುವುದಿಲ್ಲ ಎಂದರು. ಅವರ ತಲೆಯಲ್ಲಿ ಯಾವ ದೋಷವೂ ಇರಲಿಲ್ಲ. ಹಂಚಿಕೆಗೆಂದೇ ಒಂದು ಬೇರೆ ಖಾತೆ ತೆರೆದು, ಅದಕ್ಕೊಂದು ಗಟ್ಟಿ ಪಾಸ್‌ವರ್ಡ್ ಕೊಟ್ಟು, ಡೈರಿಯಲ್ಲಿ ಬರೆದಿಟ್ಟುಕೊಂಡ ಮೇಲೆ ಅವರ ತೊಂದರೆ ಮುಗಿಯಿತು. ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ಅವರ ಲೇಖನಗಳು ತೆರೆದವು.

2009ರಲ್ಲಿ ವಿಂಡೋಸ್ 7ರ ಜೊತೆ ಬಂದ ಹೋಮ್‌ಗ್ರೂಪ್ ಈ ತೊಡಕನ್ನು ಬಹುಪಾಲು ಇಳಿಸಿತ್ತು. ಮನೆಗೆ ಒಂದೇ ಪಾಸ್‌ವರ್ಡ್, ಅದನ್ನು ಎಲ್ಲ ಯಂತ್ರಗಳಲ್ಲಿ ಒಮ್ಮೆ ಬರೆದರೆ ಆಯಿತು. 2018ರಲ್ಲಿ ವಿಂಡೋಸ್ 10ರಿಂದ ಮೈಕ್ರೋಸಾಫ್ಟ್ ಅದನ್ನು ತೆಗೆದುಹಾಕಿತು. ಈಗಿನ ವಿಂಡೋಸ್ 11ರ ಪ್ರೊ ಆವೃತ್ತಿಯಲ್ಲಿ, 2024ರ ಅಪ್‌ಡೇಟಿನ ನಂತರ, ಪಾಸ್‌ವರ್ಡಿಲ್ಲದೆ ಅತಿಥಿಯಾಗಿ ತೆರೆಯುತ್ತಿದ್ದ ಹಂಚಿಕೆಗಳೂ ತೆರೆಯುವುದಿಲ್ಲ. ರೌಟರಿನ ಹಿಂದೆ ಚುಚ್ಚಿದ ಹಾರ್ಡ್ ಡಿಸ್ಕ್ ನಿನ್ನೆಯವರೆಗೆ ಬರುತ್ತಿತ್ತು, ಇವತ್ತು ಬರುತ್ತಿಲ್ಲ ಎಂಬ ದೂರು ಇದರಿಂದಲೂ ಹುಟ್ಟಿರಬಹುದು. ಭದ್ರತೆಯ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ. ಆದರೆ ವಿವರಿಸಲು ಬೀದಿಯಲ್ಲಿ ಒಬ್ಬ ಮನುಷ್ಯ ಬೇಕಲ್ಲ? ದಿನವೂ ನಮ್ಮ ಬೀದಿಗೆ ಬರುವವರು ನೀವೊಬ್ಬರೇ.

ಕನ್ನಡದ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮಜಲಿದೆ. ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ಹಳೆಯ ಕಂಪ್ಯೂಟರ್, ಅದರೊಳಗೆ ವಿಂಡೋಸ್ ಎಕ್ಸ್‌ಪಿ, ಅದರೊಳಗೆ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ವರ್ಷಗಟ್ಟಲೆಯ ಬರವಣಿಗೆ. ಊರಿನ ದೇವಸ್ಥಾನದ ಇತಿಹಾಸ, ಅಜ್ಜಿ ಹೇಳಿದ ಸೋಬಾನೆ ಪದ, ಶಾಲೆಯ ನೂರರ ಸಂಚಿಕೆ. ಸಣ್ಣ ಊರುಗಳ ಡಿಟಿಪಿ ಅಂಗಡಿಗಳಲ್ಲಂತೂ ಇಂಥ ಯಂತ್ರಗಳು ಇನ್ನೂ ದುಡಿಯುತ್ತಿವೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಅದಕ್ಕೆ ಬರುವುದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ. ಹೊಸ ವಿಂಡೋಸ್ ತಾನಾಗಿ ಆ ಆವೃತ್ತಿಯಲ್ಲಿ ಮಾತಾಡುವುದಿಲ್ಲ. ಆಗ ಬಂದ ಹುಡುಗ, ಹೊಸ ಯಂತ್ರದಲ್ಲಿ ಎಸ್‌ಎಂಬಿ ಒಂದನ್ನು ಆನ್ ಮಾಡಿದರೆ ಬರುತ್ತೆ ಸಾರ್ ಎಂದು ಮಾಡಿಕೊಟ್ಟು ಹೋಗುತ್ತಾನೆ. ಬರುವುದೇನೋ ನಿಜ.

ತಮ್ಮಂದಿರೇ, ದಯವಿಟ್ಟು ಅದನ್ನು ಮಾಡಬೇಡಿ. 2017ರ ಮೇ 12ರಂದು ವಾನಾಕ್ರೈ ಎಂಬ ಪಿಡುಗು ಜಗತ್ತಿನಾದ್ಯಂತ ಹರಡಿ, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಅದು ನುಸುಳಿದ್ದು ಇದೇ ಹಳೆಯ ಆವೃತ್ತಿಯ ಬಿರುಕಿನಿಂದ. ಚಾಲ್ತಿಯಲ್ಲಿದ್ದ ವಿಂಡೋಸ್‌ಗಳಿಗೆ ತೇಪೆ ಮಾರ್ಚಿನಲ್ಲೇ ಬಂದಿತ್ತು, ಎಷ್ಟೋ ಯಂತ್ರಗಳಿಗೆ ಹಾಕಿರಲಿಲ್ಲ. ಹಳೆಯ ಯಂತ್ರವನ್ನು ಜಾಲಕ್ಕೆ ತರಲೇಬೇಡಿ. ಅದರ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಹಾಕಿ, ಎಲ್ಲವನ್ನೂ ಒಮ್ಮೆಲೇ ಹೊಸದಕ್ಕೆ ನಕಲು ಮಾಡಿ, ವೈರಸ್ ಇದೆಯೇ ನೋಡಿ, ಆಮೇಲೆ ಹೊಸದರಿಂದ ಹಂಚಿ. ಹಳೆಯ ನುಡಿ ಕಡತಗಳು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದರೆ ಹಾಳಾಗಿವೆ ಎಂದು ಯಾರೂ ಅಳಿಸದಂತೆ ಎಚ್ಚರಿಸಿ. ಅವುಗಳ ಫಾಂಟ್ ಹಾಕಿದರೆ ಓದಲು ಬರುತ್ತವೆ, ಯುನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಇವೆ. ಒಂದೊಂದು ಮನೆಯ ಮೂಲೆಯಲ್ಲೂ ಹೀಗೆ ಕನ್ನಡದ ಒಂದು ಕಪಾಟು ಮುಚ್ಚಿಕೊಂಡು ಕೂತಿದೆ. ಆ ಡಿಸ್ಕುಗಳಿಗೆ ವಯಸ್ಸಾಗುತ್ತಿದೆ.

ಫೋಲ್ಡರ್ ಹಂಚುವಾಗಲೂ ಎಲ್ಲರಿಗೂ ಎಲ್ಲ ಅಧಿಕಾರ ಎಂದು ಒತ್ತಿಬಿಡಬೇಡಿ. ಫೋಟೋಗಳನ್ನು ನೋಡಲು ಮಾತ್ರ ಬಿಟ್ಟರೆ ಸಾಕು. ಒಂದು ಯಂತ್ರಕ್ಕೆ ಒತ್ತೆಹಣ ಕೇಳುವ ವೈರಸ್ ಬಡಿದರೆ, ಅದು ಬರೆಯಲು ಅನುಮತಿಯಿರುವ ಹಂಚಿಕೆಗಳಿಗೂ ಬೀಗ ಜಡಿದು ಹೋಗುತ್ತದೆ. ಅತಿಥಿ ವೈಫೈ ಬೇರೆ ಇರಲಿ, ಮನೆಯ ಯಂತ್ರಗಳು ಅದರಲ್ಲಿ ಬೇಡ. ಹೊರಗಿನಿಂದಲೂ ಫೈಲು ಬೇಕೆಂದು ಯಾರಾದರೂ ಕೇಳಿದರೆ ರೌಟರಿನಲ್ಲಿ ಎಸ್‌ಎಂಬಿ ಬಳಸುವ 445ನೇ ಪೋರ್ಟನ್ನು ಮಾತ್ರ ಖಂಡಿತ ತೆರೆದುಕೊಡಬೇಡಿ.

ಯಜಮಾನರೇ, ನಿಮ್ಮಲ್ಲಿ ಕೇಳುವುದು ದೊಡ್ಡದೇನಲ್ಲ. ಡಬ್ಬಿಯ ನಾಲ್ಕು ಕಿಂಡಿಗಳಲ್ಲಿ ಒಂದನ್ನಷ್ಟೇ ಗಿಗಾಬಿಟ್ ಮಾಡಿ ಉಳಿದವನ್ನು 100 ಎಂಬಿಪಿಎಸ್‌ಗೆ ಬಿಟ್ಟ ಡಬ್ಬಿಗಳನ್ನು ಕೊಡಬೇಡಿ. ಮದುವೆಯ ವಿಡಿಯೋ ಮಹಡಿಗೆ ಕಳಿಸುವ ಆ ಮೂರು ನಿಮಿಷದ ಕೆಲಸ ಅಲ್ಲಿ ಅರ್ಧ ಗಂಟೆಯಾಗುತ್ತದೆ. ಮನೆ ಕಟ್ಟಿಸುತ್ತಿರುವವರು ಸಂಪರ್ಕ ಕೇಳಿ ಬಂದಾಗ, ಗೋಡೆಯೊಳಗೆ ಕ್ಯಾಟ್ 6 ಕೇಬಲಿಗೆ ಪೈಪು ಬಿಡಿಸಿಕೊಳ್ಳಿ ಎಂದು ಒಂದು ಮಾತು ಹೇಳಿ. ಜಾಲವನ್ನು ಪ್ರೈವೇಟ್ ಮಾಡುವುದು ಹೇಗೆ, ಪಿನ್ ಯಾಕೆ ಸಲ್ಲುವುದಿಲ್ಲ, ಹಂಚಿಕೆಯ ಖಾತೆ ತೆರೆಯುವುದು ಹೇಗೆ, ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆಯನ್ನು ರೌಟರಿನ ಪೆಟ್ಟಿಗೆಯೊಳಗಿಡಿ. ಈಗ ಅದರಲ್ಲಿರುವ ಇಂಗ್ಲಿಷ್ ಹಾಳೆಯನ್ನು ಓದಿದವರನ್ನು ನಾನಿನ್ನೂ ಕಂಡಿಲ್ಲ.

ಸಂಪರ್ಕ ಕೊಟ್ಟ ದಿನ, ಮನೆಯವರು ಒಪ್ಪಿದರೆ, ಒಂದು ಯಂತ್ರದ ಫೋಲ್ಡರನ್ನು ಇನ್ನೊಂದರಲ್ಲಿ ತೆರೆದು ತೋರಿಸುವುದನ್ನೂ ಕೆಲಸದ ಪಟ್ಟಿಗೆ ಸೇರಿಸಿ. ಅದಕ್ಕೆ ಬೇರೆ ಶುಲ್ಕ ಹಾಕಿ, ಕೊಡುವವರಿದ್ದಾರೆ. ಆದರೆ ದಿನಕ್ಕೆ ಇಷ್ಟು ಮನೆ ಮುಗಿಸಲೇಬೇಕೆಂದು ಹುಡುಗರನ್ನು ಓಡಿಸುತ್ತಿದ್ದರೆ ಈ ಕೆಲಸ ಆಗುವುದಿಲ್ಲ. ಆ ಶುಲ್ಕ ಅವರ ಕೈಗೇ ಸೇರಲಿ, ಅದಕ್ಕೆ ತಗಲುವ ಹೊತ್ತನ್ನು ಅವರ ದಿನದ ಲೆಕ್ಕದಲ್ಲಿ ಹಿಡಿಯಿರಿ.

ಇತಿ,
ನಿಮ್ಮ ಗ್ರಾಹಕರಲ್ಲಿ ಒಬ್ಬ