ಸನ್ನದ್ಧರಾಯರ ನದೀಯಾನ

ಸನ್ನದ್ಧರಾಯರು ಎಂಬುದು ಜಾತಕದಲ್ಲಿರುವ ಹೆಸರಲ್ಲ. ಕ್ಯಾಲಿಫೋರ್ನಿಯಾದ ಕನ್ನಡ ಕೂಟದವರು ಅರ್ಧ ಪ್ರೀತಿ, ಅರ್ಧ ಸುಸ್ತಿನಿಂದ ಇಟ್ಟದ್ದು. ಯುಗಾದಿ ಪಿಕ್‌ನಿಕ್ಕಿಗೆ ಛತ್ರಿ, ಸೊಳ್ಳೆ ಮುಲಾಮು, ಹಾವು ಕಡಿದರೆ ಕಟ್ಟುವ ಪಟ್ಟಿ ಎಲ್ಲವನ್ನೂ ಹೊತ್ತು ತಂದು, ಸಂಜೆಯವರೆಗೂ ಯಾರನ್ನೂ ಯಾವುದೂ ಕಚ್ಚಲಿಲ್ಲವೆಂದು ಮುಖ ಊದಿಸಿಕೊಂಡು ಮನೆಗೆ ಹೋಗುವವರು ಪ್ರತಿ ಕೂಟದಲ್ಲೂ ಒಬ್ಬರಿರುತ್ತಾರೆ. ವಯಸ್ಸು ಐವತ್ತರ ಆಸುಪಾಸು, ಕೆಲಸ ಸಾಫ್ಟ್‌ವೇರ್. ಮಗಳು ಓದಲೆಂದು ದೂರದ ಕಾಲೇಜು ಸೇರಿದ್ದೇ ತಡ, ಇಂಥವರಿಗೆ ಕಾಡು, ಕಣಿವೆ, ನದಿ ಎಲ್ಲ ಒಟ್ಟಿಗೆ ನೆನಪಾಗುತ್ತವೆ.

ಈ ಸಲ ಕಣ್ಣಿಗೆ ಬಿದ್ದದ್ದು ಗ್ರೀನ್ ನದಿ. ವಯೋಮಿಂಗ್ ರಾಜ್ಯದ ಬೆಟ್ಟಗಳಲ್ಲಿ ಹುಟ್ಟಿ, ಯೂಟಾ ರಾಜ್ಯದ ಮರುಭೂಮಿಯನ್ನು ಸೀಳಿಕೊಂಡು ಹೋಗಿ ಕೊಲರಾಡೊ ನದಿಯನ್ನು ಸೇರುವ ಹೊಳೆ. ಅದರ ಲ್ಯಾಬಿರಿಂತ್ ಕಣಿವೆಯಲ್ಲಿ ಇಕ್ಕೆಲಕ್ಕೂ ನೂರಾರು ಅಡಿ ಎತ್ತರದ ಕೆಂಪು ಮರಳುಗಲ್ಲಿನ ಗೋಡೆಗಳು. ರೂಬಿ ರ‍್ಯಾಂಚ್ ಎಂಬಲ್ಲಿ ದೋಣಿ ಇಳಿಸಿದರೆ ಮಿನರಲ್ ಬಾಟಮ್ ಎಂಬಲ್ಲಿ ಹತ್ತುವವರೆಗೆ ಸುಮಾರು 70 ಕಿಲೋಮೀಟರ್. ನಡುವೆ ಊರಿಲ್ಲ, ಅಂಗಡಿಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಹಾಗೆಂದು ಎದೆ ನಡುಗಿಸುವ ಭೋರ್ಗರೆತವೂ ಇಲ್ಲ. ನೀರು ನಿಧಾನವಾಗಿ ಸಾಗುತ್ತದೆ. ಎರಡೂ ತುದಿ ಚೂಪಾದ, ಮೇಲೆ ತೆರೆದ ಕನೂ ದೋಣಿಯಲ್ಲಿ ಇಬ್ಬಿಬ್ಬರಂತೆ ಕೂತು, ರಾತ್ರಿ ದಡದ ಮರಳಿನಲ್ಲಿ ಮಲಗಿ, ಹುಟ್ಟು ಹಿಡಿದೇ ಗೊತ್ತಿಲ್ಲದವರೂ ಗೈಡ್ ಜೊತೆಗಿದ್ದರೆ ನಾಲ್ಕೈದು ದಿನದಲ್ಲಿ ಮುಗಿಸಬಹುದು. ದೋಣಿ, ಡೇರೆ, ಅಡುಗೆ, ಕುಡಿಯುವ ನೀರು, ಕಕ್ಕಸು ಎಲ್ಲ ಗೈಡ್ ಕಂಪನಿಯದೇ ಹೊಣೆ. ದುಡ್ಡು ಕಟ್ಟಿದವರು ತರಬೇಕಾದ್ದು ಬಟ್ಟೆಬರೆ ಮತ್ತು ಹಸಿವು.

ಇದೊಂದು ಮಾತು ರಾಯರಿಗೆ ಅರ್ಥವಾಗಲಿಲ್ಲ.

ಪ್ರವಾಸ ಸೆಪ್ಟೆಂಬರಿನಲ್ಲಿ, ಎಕ್ಸೆಲ್ ಶೀಟು ಮಾರ್ಚಿನಲ್ಲೇ ಸಿದ್ಧ. ಪ್ರತಿ ವಸ್ತುವಿನ ಎದುರು ಗ್ರಾಂನಲ್ಲಿ ತೂಕ. ಭಾರ ಇಳಿಸಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಿಂದ ಕೊಯ್ದರು. ಅದರ ಮರುಸಾಲಿನಲ್ಲೇ, ಲೋಟ ಇಡಲು ಜಾಗವಿರುವ ಮಡಚುವ ಕುರ್ಚಿ. ಅಡುಗೆಮನೆಯ ತಕ್ಕಡಿ ಹಜಾರಕ್ಕೆ ಬಂತು. “ರೀ, ಅದು ಬೇಳೆ ತೂಗೋದು. ಅದರ ಮೇಲೆ ಬನಿಯನ್ನು, ಚಡ್ಡಿ ಎಲ್ಲ ಇಡಬೇಡಿ” ಎಂದು ಶ್ರೀಮತಿಯವರು ಒಳಗಿನಿಂದಲೇ ಕೂಗಿದರು. ರಾತ್ರಿ ಊಟವಾದ ಮೇಲೆ ರಾಯರು ಕಾರ್ಪೆಟ್ಟಿನ ಮೇಲೆ ಮಂಡಿಯೂರಿ, ಕಸಪೊರಕೆ ಹಿಡಿದು, ಯೂಟ್ಯೂಬ್ ನೋಡುತ್ತ ‘ಜೆ ಸ್ಟ್ರೋಕ್’ ಸಾಧನೆ ಮಾಡುತ್ತಿದ್ದರು. ದೋಣಿಯ ಹಿಂತುದಿಯಲ್ಲಿ ಕೂತವರು ಒಂದು ಪಕ್ಕದಲ್ಲಿ ಹುಟ್ಟು ಹಾಕಿದರೆ ದೋಣಿ ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಎಳೆತದ ಕೊನೆಯಲ್ಲಿ ಹುಟ್ಟನ್ನು ಹೊರಕ್ಕೆ ತಿರುಚಿ ಅದನ್ನು ನೇರ ಮಾಡುವ ಉಪಾಯ ಅದು. ಕಾರ್ಪೆಟ್ಟಿನ ಮೇಲೆ ಅವರು ಒಮ್ಮೆಯೂ ದಾರಿ ತಪ್ಪಲಿಲ್ಲ.

ಹೊರಡುವ ಮುನ್ನಾದಿನ ಗ್ರೀನ್ ರಿವರ್ ಎಂಬ ಪುಟ್ಟ ಊರಿನಲ್ಲಿ ತಂಗಿದರು. ಕಲ್ಲಂಗಡಿ, ಕರ್ಬೂಜಕ್ಕೆ ಹೆಸರಾದ ಊರು. ಸೆಪ್ಟೆಂಬರಿನಲ್ಲಿ ಅಲ್ಲಿ ಹಣ್ಣಿನ ಜಾತ್ರೆಯೇ ನಡೆಯುತ್ತದೆ. ಶ್ರೀಮತಿಯವರು ರಸ್ತೆ ಬದಿಯಲ್ಲಿ ಒಂದು ಭಾರಿ ಕಲ್ಲಂಗಡಿ ಕೊಂಡರು. ರಾಯರಿಗೆ ಎದೆ ಧಸಕ್ಕೆಂದಿತು. ಬ್ರಷ್ಷಿನಲ್ಲಿ ಉಳಿಸಿದ ಗ್ರಾಂಗಳೆಲ್ಲ ಒಂದೇ ಹಣ್ಣಿಗೆ ಹೋದವು!

ಅದೇ ಊರಿನಲ್ಲಿ ಜಾನ್ ವೆಸ್ಲಿ ಪೊವೆಲ್ ಹೆಸರಿನ ನದೀ ಇತಿಹಾಸದ ಮ್ಯೂಸಿಯಂ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಈ ಮೇಜರ್, 1869ರ ಮೇ ತಿಂಗಳಲ್ಲಿ ಹತ್ತು ಜನರ ತಂಡ, ನಾಲ್ಕು ದೋಣಿ, ಹತ್ತು ತಿಂಗಳ ದಿನಸಿ ಕಟ್ಟಿಕೊಂಡು ಇದೇ ನದಿಗಿಳಿದವನು. ಲ್ಯಾಬಿರಿಂತ್ ಎಂಬ ಹೆಸರಿಟ್ಟವನೂ ಅವನೇ. ಎರಡು–ಮೂರು ವಾರ ಕಳೆಯುವುದರೊಳಗೆ ಒಂದು ದೋಣಿ ಬಂಡೆಗೆ ಬಡಿದು ಒಡೆಯಿತು. ಎತ್ತರ ಅಳೆಯುವ ಬಾರೋಮೀಟರುಗಳೆಲ್ಲ ಅದರಲ್ಲೇ ಇದ್ದವು. ಮರುದಿನ ಆಳುಗಳು ಒಡೆದ ದೋಣಿಗೆ ಹೋಗಿ ‘ಹೋ’ ಎಂದು ಕೇಕೆ ಹಾಕಿದರು. ಬಾರೋಮೀಟರಿನ ಮೇಲೆ ಇವರಿಗೂ ಎಷ್ಟು ಅಭಿಮಾನ ಎಂದು ಪೊವೆಲ್ ಹಿಗ್ಗಿದ. ಅವರಿಗೆ ಸಿಕ್ಕಿದ್ದು ಅವನ ಕಣ್ಣು ತಪ್ಪಿಸಿ ತಂದಿದ್ದ ವಿಸ್ಕಿ ಪೀಪಾಯಿ ಎಂಬುದು ಆಮೇಲೆ ತಿಳಿಯಿತು. ಆಗಸ್ಟ್ ಕೊನೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ದಾಟಿ ಹೊರಬಂದವರು ಆರು ಜನ.

ಇಷ್ಟು ದೊಡ್ಡ ಕಥೆಯಿಂದ ರಾಯರು ಹೆಕ್ಕಿಕೊಂಡ ನೀತಿ ಒಂದೇ: ಎಲ್ಲ ಬಾರೋಮೀಟರನ್ನೂ ಒಂದೇ ದೋಣಿಯಲ್ಲಿ ಇಡಬಾರದಿತ್ತು. ಅಂದು ರಾತ್ರಿಯೇ ಹೋಟೆಲ್ ಕೋಣೆಯಲ್ಲಿ ಸಾಮಾನನ್ನೆಲ್ಲ ಬಿಚ್ಚಿ, ಪ್ರತಿಯೊಂದನ್ನೂ ಎರಡು ಭಾಗ ಮಾಡಿ, ನೀರು ಹೋಗದ ಎರಡು ಚೀಲಗಳಿಗೆ ತುಂಬಿದರು. ಮುಂದಿನ ನಾಲ್ಕು ದಿನ ಅವರ ಎಡಗಾಲಿನ ಕಾಲುಚೀಲ ಒಂದು ದೋಣಿಯಲ್ಲಿ, ಬಲಗಾಲಿನದು ಇನ್ನೊಂದರಲ್ಲಿ ಪ್ರಯಾಣ ಮಾಡಿದವು.

ಗೈಡ್ ಇಪ್ಪತ್ತೈದು–ಇಪ್ಪತ್ತಾರರ ಹುಡುಗಿ. ಬಿಸಿಲಿಗೆ ಬಣ್ಣ ಹಾರಿದ ಟೋಪಿ, ಸೊಂಟಕ್ಕೆ ಸಿಕ್ಕಿಸಿದ ಒಂದು ತಗಡಿನ ಲೋಟ. ಅವಳ ಸ್ವಂತದ್ದೆಂದು ಕಂಡದ್ದು ಅಷ್ಟೇ. ರಾಯರ ಶೀಟನ್ನು ವಿನಯದಿಂದಲೇ ನೋಡಿ ನಕ್ಕಳು: “ತೂಕದ ಚಿಂತೆ ಬೇಡ. ಹೊರೋದು ದೋಣಿ, ನೀವಲ್ಲ.” ನಿಜ, ಇಬ್ಬರು ಕೂತ ಮೇಲೂ ಈ ದೋಣಿಗಳು ಕ್ವಿಂಟಾಲು ಲೆಕ್ಕದ ಸಾಮಾನು ಹೊರುತ್ತವೆ. ಆ ಬ್ರಷ್ಷಿನ ಮೋಟು ಹಿಡಿಯಿಂದ ಹಲ್ಲುಜ್ಜುವಾಗೆಲ್ಲ ರಾಯರ ಬೆರಳು ಗಂಟಲಿಗೇ ಹೋಗುತ್ತಿತ್ತು.

ನದಿಗಿಳಿದ ಹತ್ತೇ ನಿಮಿಷಕ್ಕೆ ಸಂಸಾರ ಶುರುವಾಯಿತು. ಶ್ರೀಮತಿ ಮುಂದೆ, ರಾಯರು ಹಿಂದೆ ಚುಕ್ಕಾಣಿಯ ಜಾಗದಲ್ಲಿ.

“ಎಡಕ್ಕೆ ಕಣೇ! ಎಡಕ್ಕೆ!”

“ಎಡಗಡೆ ಹುಟ್ಟು ಹಾಕಲೋ, ದೋಣಿ ಎಡಕ್ಕೆ ಹೋಗಬೇಕೋ?”

“ಎರಡೂ ಒಂದೇ ಅಲ್ವೇನೇ?”

“ಒಂದೇ ಅಲ್ಲ ರೀ. ಎಡಗಡೆ ಹಾಕಿದ್ರೆ ಬಲಕ್ಕೆ ಹೋಗತ್ತೆ. ನಿಮ್ಮ ಪೊರಕೆ ಹೇಳಿಕೊಡಲಿಲ್ವಾ?”

ಅಷ್ಟರಲ್ಲಿ ದೋಣಿ ಎಡವನ್ನೂ ಬಲವನ್ನೂ ಬಿಟ್ಟು ಒಂದು ಪೂರ್ತಿ ಸುತ್ತು ತಿರುಗಿ, ಹಿಂದು ಮುಂದಾಗಿ ಹೊರಟಿತ್ತು. ಇಬ್ಬರು ನಡೆಸುವ ಕನೂವಿಗೆ ಅಮೆರಿಕದವರು ತಮಾಷೆಗೆ ‘ಡೈವೋರ್ಸ್ ದೋಣಿ’ ಎನ್ನುವುದುಂಟು. ಗೈಡ್ ಏನೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುಮ್ಮನೆ ಜಾಗ ಬದಲಿಸಿ ನೋಡಿ ಎಂದಳು. ಶ್ರೀಮತಿಯವರು ಹಿಂದೆ ಕೂತ ಮೇಲೆ ದೋಣಿ ನೆಟ್ಟಗೆ ಹೋಯಿತು. ಮುಂದೆ ಕೂತ ತಾವು ‘ಎಂಜಿನ್’ ಆದದ್ದರಿಂದಲೇ ಹೀಗಾಯಿತೆಂದು ರಾಯರು ಸಂಜೆ ವಿವರಿಸಿದರು.

ಈ ಕಣಿವೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುವುದು ಸಾಮಾನ್ಯ. ನದಿ ಒಂದು ಕಡೆ, ಖಾಲಿ ಬಿಟ್ಟ ದೋಣಿ ಇನ್ನೊಂದು ಕಡೆ. ಅದಕ್ಕೇ ಗೈಡುಗಳು ಬೆಳಿಗ್ಗೆ ಬೇಗ ಹೊರಡಿಸಿ, ಗಾಳಿಯಿಲ್ಲದ ಹೊತ್ತಿನಲ್ಲಿ ದೋಣಿಗಳನ್ನೆಲ್ಲ ಅಕ್ಕಪಕ್ಕ ಜೋಡಿಸಿ, ಕೈಕಾಲು ಚಾಚಿ, ತಿಂಡಿ ತಿನ್ನುತ್ತ ತೇಲಲು ಬಿಡುತ್ತಾರೆ. ಎಲ್ಲರೂ ಕಲ್ಲಂಗಡಿ ತಿಂದು ಬೀಜ ಉಗಿಯುವ ಪಂದ್ಯದಲ್ಲಿದ್ದರೆ ರಾಯರು ಮಾತ್ರ ಜಿಪಿಎಸ್ ನೋಡಿಕೊಂಡು “ಸರಾಸರಿ ವೇಗ ಬಿದ್ದೋಯ್ತು” ಎಂದು ಕೊರಗುತ್ತಿದ್ದರು. ಯಾರಿಗೆ ಬೇಕಿತ್ತು ಸರಾಸರಿ?

ಮೊದಲ ಸಂಜೆಯ ಪಾಠ ಶೌಚದ್ದು. ಮರುಭೂಮಿಯ ಮಣ್ಣಿನಲ್ಲಿ ಹೂತದ್ದು ಬೇಗ ಕೊಳೆಯುವುದಿಲ್ಲ. ಆದ್ದರಿಂದ ಇಲ್ಲಿ ಪ್ರತಿ ತಂಡವೂ ತನ್ನ ಕಕ್ಕಸನ್ನು ತಾನೇ ತಂದು, ತುಂಬಿದ್ದನ್ನು ತಾನೇ ಹೊತ್ತೊಯ್ಯಬೇಕೆಂಬ ಕಾನೂನಿದೆ. ಈ ಡಬ್ಬಿಗೆ ನದಿಯವರು ‘ಗ್ರೂವರ್’ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಸೈನ್ಯದ ಹಳೆಯ ಮದ್ದುಗುಂಡಿನ ಪೆಟ್ಟಿಗೆಯ ಮೇಲೇ ಕೂರುತ್ತಿದ್ದರು, ಎದ್ದ ಮೇಲೆ ತೊಡೆಯಲ್ಲಿ ಎರಡು ಗೆರೆ ಮೂಡಿರುತ್ತಿತ್ತು. ಈಗ ಮುಚ್ಚಳವಿರುವ ಸೀಟು ಬಂದಿದೆ. ಬಾಗಿಲಿಲ್ಲ, ಗೋಡೆಯಿಲ್ಲ. ಒಳ್ಳೆಯ ನೋಟ ಕಾಣುವ ಜಾಗದಲ್ಲೇ ಅದನ್ನಿಡುವುದು ಗೈಡುಗಳ ಹೆಮ್ಮೆ. ದಾರಿಯ ಬಾಯಲ್ಲಿ ನಿಲ್ಲಿಸಿದ ಹುಟ್ಟು ಅಲ್ಲೇ ಇದ್ದರೆ ಖಾಲಿ, ಇಲ್ಲದಿದ್ದರೆ ಯಾರೋ ಇದ್ದಾರೆಂದು ಅರ್ಥ. ರಾಯರು ಮೊದಲ ಬೆಳಿಗ್ಗೆ ಹುಟ್ಟನ್ನು ವಾಪಸ್ ತಂದು ನಿಲ್ಲಿಸಲು ಮರೆತರು. ಎಂಟು ಜನ ಕಾಫಿ ಲೋಟ ಹಿಡಿದು, ಒಂದೂವರೆ ಗಂಟೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು.

ಆದರೆ ಡಬ್ಬಿಗೆ ನೀರು ಬೀಳಬಾರದು. ಮೂತ್ರ ನೇರ ನದಿಗೇ. ದಡದ ಒಣ ಮರಳಿನಲ್ಲಿ ಹೊಯ್ದರೆ ಮುಂದೆ ಬರುವವರಿಗೆ ನಾತ, ತುಂಬು ಹೊಳೆಯಲ್ಲಾದರೆ ಕರಗಿಹೋಗುತ್ತದೆ ಎಂಬುದು ಇಲ್ಲಿಯ ನಿಯಮ. ರಾಯರದು ಸ್ನಾನದ ಚೊಂಬಿನ ನೀರಿಗೂ ಏಳು ನದಿಗಳ ಹೆಸರು ಹೇಳಿ ಕೈಮುಗಿಯುವ ಮನೆತನ. ಒಂದು ಹಗಲು, ಒಂದು ರಾತ್ರಿ ಧರ್ಮಸಂಕಟದಲ್ಲಿ ತಡೆದುಕೊಂಡರು. ಎರಡನೆಯ ಬೆಳಿಗ್ಗೆ, ಶ್ಲೋಕದ ಪಟ್ಟಿಯಲ್ಲಿ ಗ್ರೀನ್ ನದಿಯ ಹೆಸರಿಲ್ಲ ಎಂದು ಹೊಳೆಯಿತು. ಓಡಿದರು.

ನೀರಿನ ಕಥೆ ಬೇರೆ. ಗ್ರೀನ್ ಎಂದು ಹೆಸರಿದ್ದರೂ ಇಲ್ಲಿ ಅದರ ಬಣ್ಣ ಹಾಲು ಹೆಚ್ಚಾದ ಚಹಾದ್ದು, ಅಷ್ಟು ಹೂಳು. ಕುಡಿಯುವ ನೀರಿನ ಕ್ಯಾನುಗಳನ್ನು ಗೈಡ್ ತಂದಿದ್ದಳು. ಆದರೂ ರಾಯರು ತಮ್ಮ ದುಬಾರಿ ಫಿಲ್ಟರನ್ನು ನದಿಗೆ ಇಳಿಬಿಟ್ಟು ಪಂಪು ಒತ್ತತೊಡಗಿದರು. ಅರ್ಧ ಲೀಟರಿಗೆ ಅದು ಕಟ್ಟಿಕೊಂಡಿತು. ಬಿಚ್ಚಿ, ತೊಳೆದು, ಮತ್ತೆ ಒತ್ತಿ, ಹಣೆಯ ನರ ಉಬ್ಬಿಸಿಕೊಂಡು ಕೂತರು. ಆಗ ಶ್ರೀಮತಿಯವರು ಮಸಾಲೆ ಡಬ್ಬಿಯ ಅಡಿಯಿಂದ ಕಾಗದದ ಪೊಟ್ಟಣ ತೆಗೆದು, ಒಂದು ಪಟಿಕದ ಹರಳನ್ನು ಬಕೆಟ್ಟಿನ ನೀರಿನಲ್ಲಿ ನಾಲ್ಕು ಸುತ್ತು ಆಡಿಸಿ ತೆಗೆದರು. ತುಂಗಭದ್ರೆಗೆ ಹೊಸ ನೀರು ಬಂದಾಗ ಅವರ ತವರಿನಲ್ಲಿ ಮಾಡುತ್ತಿದ್ದುದೇ ಇಷ್ಟು. ಅಡುಗೆಗೆ ಒಲೆ ಹಚ್ಚುವುದರೊಳಗೆ ಕೆಸರು ತಳಕ್ಕಿಳಿದು ಮೇಲೆ ತಿಳಿನೀರು ನಿಂತಿತ್ತು. ಗೈಡ್ ಹುಡುಗಿ ಬಂದು ಬಗ್ಗಿ ನೋಡಿ, ತನ್ನ ಪೆಟ್ಟಿಗೆಯಿಂದ ಒಂದು ಸಣ್ಣ ಡಬ್ಬಿ ತೆಗೆದು ತೋರಿಸಿದಳು. ಅದರಲ್ಲೂ ಪಟಿಕದ ಪುಡಿ! ಇಬ್ಬರು ಹೆಂಗಸರೂ ನಕ್ಕದ್ದು ಆಚೆ ಬಂಡೆಗೆ ಬಡಿದು ಮರಳಿತು. ಎಕ್ಸೆಲ್ಲಿನಲ್ಲಿ ಪಟಿಕದ ಸಾಲೇ ಇರಲಿಲ್ಲ.

ಮೂರನೆಯ ದಿನ ಬೋನಾಟ್ ಬೆಂಡ್. ಇಲ್ಲಿ ನದಿ ಹನ್ನೊಂದು ಕಿಲೋಮೀಟರಿನಷ್ಟು ಸುತ್ತಿ ಬಂದು, ಹೊರಟ ಜಾಗಕ್ಕೆ ಅರ್ಧ ಕಿಲೋಮೀಟರೂ ದೂರವಿಲ್ಲದ ಕಡೆ ಮತ್ತೆ ಸೇರುತ್ತದೆ. ನಡುವಿನ ಗುಡ್ಡದ ಕತ್ತಿನ ಮೇಲೆ ಹತ್ತಿ ನಿಂತರೆ ಬೆಳಗಿನ ನದಿ ಒಂದು ಪಕ್ಕ, ಸಂಜೆಯ ನದಿ ಇನ್ನೊಂದು ಪಕ್ಕ. ಎಲ್ಲರೂ ಬೆರಗಾದರು. ರಾಯರು ಜಿಪಿಎಸ್ ನೋಡಿ ಕೆರಳಿದರು: “ಇಡೀ ದಿನ ಹುಟ್ಟು ಹಾಕಿ ನಾವು ಬಂದಿರೋದು ಇಷ್ಟೇನಾ?”

“ಪ್ರದಕ್ಷಿಣೆ ಅಂದ್ಕೊಳ್ಳಿ” ಎಂದರು ಶ್ರೀಮತಿ.

ಕೆಳಗೆ ಹೆಲ್ ರೋರಿಂಗ್ ಎಂಬ ಉಪಕಣಿವೆಯಲ್ಲಿ ತುಪ್ಪಳದ ವ್ಯಾಪಾರಕ್ಕೆ ಬಂದ ಡೆನಿಸ್ ಜೂಲಿಯನ್ ಎಂಬಾತ 1836ರ ಮೇ 3ರಂದು ಬಂಡೆಯಲ್ಲಿ ಕೆತ್ತಿದ ತನ್ನ ಹೆಸರೂ, ಪಕ್ಕದಲ್ಲಿ ಪಟಸ್ತಂಭವಿರುವ ಒಂದು ದೋಣಿಯ ಚಿತ್ರವೂ ಇವೆ. ಪೊವೆಲ್‌ಗಿಂತ ಮೂವತ್ತಮೂರು ವರ್ಷ ಹಿಂದೆ! ಆ ಮನುಷ್ಯ ಏನೇನು ಸಾಮಾನು ತಂದಿದ್ದ ಎಂದು ರಾಯರು ಗೈಡನ್ನು ಕೇಳಿದರು. ಉಳಿ ಅಂತೂ ತಂದಿದ್ದ ಎಂದಳು.

ಕೊನೆಯ ಇಳಿದಾಣ ಮಿನರಲ್ ಬಾಟಮ್. ದಡದ ಕೆಸರು ಕಂಡು ಗೈಡ್ “ಕೂತಿರಿ, ಎಳೀತೀನಿ” ಎಂದಳು. ಕೂತಿರಿ ಎನ್ನಿಸಿಕೊಳ್ಳಲು ಇಷ್ಟು ತಯಾರಿ ಮಾಡಿದ್ದೇ? ರಾಯರು ಎದ್ದು ನಿಂತರು. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ಕೆಸರಿನಲ್ಲಿ. ದೋಣಿ ಹಿಂದಕ್ಕೆ ಸರಿಯಿತು, ಕೆಸರು ಮೊಣಕಾಲಿನವರೆಗೆ ನುಂಗಿತು, ರಾಯರು ನಿಧಾನವಾಗಿ, ಯೋಚನೆ ಮಾಡುತ್ತಲೇ ಬಿದ್ದವರಂತೆ ಕೂತರು. ಎಬ್ಬಿಸಿದಾಗ ಒಂದು ಸ್ಯಾಂಡಲ್ ಒಳಗೇ ಉಳಿಯಿತು. ಆರು ತಿಂಗಳು ವಿಮರ್ಶೆ ಓದಿ ಕೊಂಡ ಸ್ಯಾಂಡಲ್.

ಕೆಳಗಿನ ಸ್ಟಿಲ್‌ವಾಟರ್ ಕಣಿವೆಗೆ ಹೊರಡುವವರು ದೋಣಿ ಇಳಿಸುವುದೂ ಅಲ್ಲೇ. ಹೊಸ ತಂಡದಲ್ಲಿ ಒಬ್ಬ ಜರ್ಮನ್ ಗೃಹಸ್ಥರು, ಕೊರಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಪಟ್ಟಿ ತೂಗುಹಾಕಿಕೊಂಡು, ತಮ್ಮ ನೀರಿನ ಫಿಲ್ಟರನ್ನು ಒರೆಸುತ್ತ ನಿಂತಿದ್ದರು. ರಾಯರು ಒಂಟಿ ಸ್ಯಾಂಡಲಿನಲ್ಲೇ ಕುಂಟುತ್ತ ಹೋಗಿ ಅದರ ಮಾಡೆಲ್ ಯಾವುದು ಎಂದು ಕೇಳಿದರು. ಮುಂದಿನ ಮುಕ್ಕಾಲು ಗಂಟೆ ಇಬ್ಬರೂ ಚೀಲದ ಬಾಯಿಗೆ ಎಷ್ಟು ಮಡಿಕೆ ಹಾಕಬೇಕೆಂಬ ಚರ್ಚೆಯಲ್ಲಿದ್ದರು. ಅವರ ಎದುರಿಗೇ ಒಂದು ದೋಣಿ ವ್ಯಾನಿನ ಟ್ರೇಲರಿಗೆ ಹತ್ತಿತು, ಇನ್ನೊಂದು ನೀರಿಗಿಳಿಯಿತು. ಒಂದರ ತುದಿ ಹಿಡಿದವರು ಶ್ರೀಮತಿ, ಇನ್ನೊಂದರದು ಆ ಜರ್ಮನ್ ಮಹಾಶಯರ ಹೆಂಡತಿ. “ಪಟಿಕ ತಂದಿದ್ದೀರಾ?” ಎಂದು ಶ್ರೀಮತಿಯವರು ಆಕೆಯನ್ನು ಇಂಗ್ಲಿಷಿನಲ್ಲಿ ಕೇಳಿ, ಉಳಿದ ಹರಳನ್ನು ಆಕೆಯ ಕೈಗಿಟ್ಟು ವ್ಯಾನು ಹತ್ತಿದರು.