ಸೆಕ್ರೆಟರಿ ಕಾಕಾರ ಬಣ್ಣದ ಕಿರ್ದಿ

ಅಕ್ಕೋಳದಂಥ ಊರಿನಲ್ಲಿ ಹವ್ಯಾಸಕ್ಕೆಂದು ಚಿತ್ರ ಬರೆಯುವವನಿಗೆ ಬರುವ ಮೊದಲ ಸಂಕಟವೆಂದರೆ ಕೆಲಸ ಸಿಗುವುದು. ಪಿಕೆಪಿಎಸ್, ಅಂದರೆ ಕೃಷಿ ಪತ್ತಿನ ಸಹಕಾರಿ ಸೊಸೈಟಿಯ ಸೆಕ್ರೆಟರಿಯಾಗಿ ನಿವೃತ್ತರಾದ ನಮ್ಮ ಕಾಕಾ ಬ್ರಶ್ ಹಿಡಿದ ಸುದ್ದಿ ವೇದಗಂಗೆ ದಾಟಿ ಸಿದ್ನಾಳ ಮುಟ್ಟುವುದರೊಳಗೆ ಅವರ ಮನೆ ಮುಂದೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಟ್ರೇಲರಿನ ಹಿಂದೆ ನಂಬರ್ ಬರೆಯಬೇಕು, ಅದರ ಕೆಳಗೆ ತಂದೆ-ತಾಯಿಯ ಆಶೀರ್ವಾದ, ಒಂದು ಸಾಲು ಕನ್ನಡದಲ್ಲಿ, ಒಂದು ಸಾಲು ಮರಾಠಿಯಲ್ಲಿ. ಗಡಿ ಊರು, ಆಶೀರ್ವಾದದಲ್ಲೂ ತಕರಾರು ಬರಬಾರದು.

"ತಮ್ಮಾ, ನಾ ಪೇಂಟರ್ ಅಲ್ಲೋ. ಕಲಾವಿದ," ಅಂದರು ಕಾಕಾ.

"ಗೊತ್ತೈತ್ರಿ ಕಾಕಾ. ಪೇಂಟರ್ ಆದ್ರ ರೊಕ್ಕ ಕೇಳ್ತಾನ."

ಅದರ ಬೆನ್ನಿಗೇ ಗಣಪತಿ ಮಂಡಳಿಯ ಹುಡುಗರು ಹಿಂದಿನ ಪರದೆ ಬರೆದುಕೊಡಿ ಅಂತ ಬಂದರು. ಕಾಕಾ ಬಾಗಿಲ ಹಿಂದೆ ಸರಿದರು. ಒಳಗಿಂದ ಅವರ ಹೆಂಡತಿ, ನಮ್ಮ ಕಾಕು, ಬಿಡಲಿಲ್ಲ. ಕೊಲ್ಹಾಪುರದ ಬಾಬುರಾವ್ ಪೇಂಟರ್ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ಹೇಳಿದವರು ಕಾಕಾ ಅವರೇ ಅಲ್ಲವೇ? ಮೇಸ್ತ್ರಿ ಮನೆತನದ ಬಾಬುರಾವ್ ಸೋದರಸಂಬಂಧಿ ಆನಂದರಾವ್ ಜತೆ ನಾಟಕದ ಪರದೆ ಬರೆದು ಬರೆದೇ 'ಪೇಂಟರ್' ಅನ್ನಿಸಿಕೊಂಡರು, ಆಮೇಲೆ ತಾವೇ ಕ್ಯಾಮೆರಾ ತಯಾರಿಸಿ 1920ರಲ್ಲಿ 'ಸೈರಂಧ್ರಿ' ಸಿನಿಮಾ ತೆಗೆದರು. "ಅವರಿಗೆ ಪರದೆ ಬರ್ಯಾಕ ನಾಚಿಕಿ ಬರಲಿಲ್ಲ. ನಿಮಗ್ಯಾಕ ಬರತೈತ್ರಿ?" ಎಂಬ ಕಾಕು ಅವರ ಪ್ರಶ್ನೆಗೆ ಕಾಕಾ ಇನ್ನೂ ಉತ್ತರ ಹುಡುಕುತ್ತಿದ್ದಾರೆ. ಪರದೆಯನ್ನಂತೂ ಬರೆದುಕೊಟ್ಟರು.

ಇಂಥವರು ನಮ್ಮ ಭಾಗದಲ್ಲಿ ಊರಿಗೊಬ್ಬರಿದ್ದಾರೆ. ಚಿಕ್ಕೋಡಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ರಾಯಬಾಗದಲ್ಲಿ ಹೈಸ್ಕೂಲ್ ಮಾಸ್ತರರೊಬ್ಬರು, ಅಥಣಿಯಲ್ಲಿ ಕಿರಾಣಿ ಅಂಗಡಿಯ ಗಲ್ಲಾದ ಮೇಲೆ ಕೂತು ಗಿರಾಕಿಗಳ ಮೂಗು ಬರೆಯುವವರೊಬ್ಬರು. ಎಲ್ಲರ ಹಿಂದೆಯೂ ಒಂದೇ ಕಥೆ: ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಲೋವರ್ ಗ್ರೇಡ್ ಪಾಸಾಯಿತು, ಹೈಯರ್ ಗ್ರೇಡಿಗೆ ಕೂಡುವಷ್ಟರಲ್ಲಿ ಸಂಸಾರ ಅಡ್ಡ ಬಂತು. ನಮ್ಮ ಕಾಕಾರಿಗೆ ಅಡ್ಡ ಬಂದದ್ದು ತಂಬಾಕು. ಅಪ್ಪ ಹೊಲದ ಕೆಲಸಕ್ಕೆ ಹಚ್ಚಿದರು, ಪರೀಕ್ಷೆ ತಪ್ಪಿತು. ಲೋವರ್ ಗ್ರೇಡಿನ ಸರ್ಟಿಫಿಕೇಟು ಈಗಲೂ ಪಡಸಾಲೆಯಲ್ಲಿ ಕಟ್ಟು ಹಾಕಿಸಿಕೊಂಡು ಕೂತಿದೆ, ಮದುವೆಯ ಫೋಟೋಕ್ಕಿಂತ ಒಂದು ಗೇಣು ಮೇಲೆ. ಕಾಕು ಅವರ ಗಮನಕ್ಕೆ ಇದು ಬಂದಿದೆ.

ನಿವೃತ್ತರಾದ ದಿನ ಕಾಕಾ ಒಂದು ಪ್ರತಿಜ್ಞೆ ಮಾಡಿದರು: ದಿನಕ್ಕೊಂದು ಚಿತ್ರ. ಬೇರೆ ಯಾರಾದರೂ ಇಂಥ ಪ್ರತಿಜ್ಞೆ ಮಾಡಿದರೆ ಹತ್ತು ದಿನಕ್ಕೆ ಮುರಿಯುತ್ತಿತ್ತು. ಇವರದು ಮುರಿಯಲಿಲ್ಲ. ಕಾರಣ ಕಲೆಯ ಮೇಲಿನ ಪ್ರೀತಿ ಅಂತ ಅವರು ಹೇಳುತ್ತಾರೆ, ರಜಿಸ್ಟರ್ ಅಂತ ನಾನು ಹೇಳುತ್ತೇನೆ. ಮೊದಲ ಚಿತ್ರ ಬರೆಯುವ ಮುಂಚೆಯೇ ನಿಪ್ಪಾಣಿಯಿಂದ ದಪ್ಪ ರಟ್ಟಿನ ಲೆಡ್ಜರ್ ತಂದು ಗೆರೆ ಹೊಡೆದಿದ್ದರು. ಅನುಕ್ರಮ ಸಂಖ್ಯೆ, ದಿನಾಂಕ, ವಿಷಯ, ಆರಂಭಿಸಿದ ವೇಳೆ, ಮುಗಿಸಿದ ವೇಳೆ, ಖರ್ಚಾದ ಬಣ್ಣ, ಕೊನೆಗೆ ಶೇರಾ. ಬೆಳಿಗ್ಗೆ ಐದಕ್ಕೆ ಎದ್ದು ಮೊದಲು ಬಣ್ಣದ ಟ್ಯೂಬುಗಳ ಆರಂಭಿಕ ಶಿಲ್ಕು ನೋಡುತ್ತಾರೆ. ಪೆನ್ಸಿಲನ್ನು ಬ್ಲೇಡಿನಿಂದ ಕೆತ್ತುತ್ತಾರೆ, ಏಕೆಂದರೆ ಶಾರ್ಪನರ್ ಅನ್ನುವುದು ಅವರ ಪ್ರಕಾರ ಮಕ್ಕಳ ಸಾಮಾನು. ಕಾಗದವನ್ನು ಹಲಗೆಗೆ ಅಂಟಿಸುತ್ತಾರೆ, ಅದು ಒಣಗಲಿ ಅಂತ ಚಹಾ ಕುಡಿಯುತ್ತಾರೆ. ಚಹಾ ಮುಗಿಸಿ ಸೂರ್ಯೋದಯ ಬರೆಯಲು ಹೊಳೆಯ ಕಡೆ ಹೊರಡುವ ಹೊತ್ತಿಗೆ ಸೂರ್ಯ ಕಬ್ಬಿನ ಗದ್ದೆಯ ಮೇಲೆ ಒಂದು ಮಾರು ಏರಿರುತ್ತಾನೆ. ರಜಿಸ್ಟರಿನಲ್ಲಿ 'ಸೂರ್ಯೋದಯ' ಅಂತ ಇರುವ ಚಿತ್ರಗಳೆಲ್ಲ ಎಂಟು ಗಂಟೆಯ ಬಿಸಿಲಿನವು.

ಶೇರಾ ಕಾಲಮನ್ನು ಓದಲು ಕಾಕಾ ಯಾರಿಗೂ ಕೊಡುವುದಿಲ್ಲ. ನನಗೆ ಸಿಕ್ಕಿದ್ದು ಕಾಕು ಅವರ ಕೃಪೆಯಿಂದ. 'ಆಕಾಶ ಬಾಕಿ.' 'ಎಮ್ಮೆ ಎದ್ದು ಹೋದ ಕಾರಣ ಅಪೂರ್ಣ.' 'ಮೊಮ್ಮಗ ಹಳದಿ ಬಣ್ಣ ದುರುಪಯೋಗಪಡಿಸಿಕೊಂಡಿದ್ದು, ವಿಚಾರಣೆ ಬಾಕಿ.' 'ನೀರು ಚೆನ್ನಾಗಿ ಬಂದಿದೆ. ಹೇಗೆ ಬಂತು ಎಂಬುದಕ್ಕೆ ದಾಖಲೆ ಇಲ್ಲ.'

ಈ ಕೊನೆಯ ಶೇರಾ ಓದಿದ ಮೇಲೆ ನಾನು ಅವರನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಂಡಿದ್ದೇನೆ. ಜಲವರ್ಣ ಅನ್ನುವುದು ಸೆಕ್ರೆಟರಿಗಳಿಗೆ ಹೇಳಿ ಮಾಡಿಸಿದ ಮಾಧ್ಯಮ ಅಲ್ಲ. ಎಣ್ಣೆ ಬಣ್ಣದಲ್ಲಿ ತಪ್ಪಿದರೆ ಮೇಲೆ ಮತ್ತೊಂದು ಪದರ ಬಳಿಯಬಹುದು, ಇಲ್ಲಿ ಹಾಗಿಲ್ಲ. ಬೆಳಕು ಬೇಕಾದಲ್ಲಿ ಕಾಗದದ ಬಿಳಿಯನ್ನು ಮೊದಲೇ ಖಾಲಿ ಬಿಡಬೇಕು. ಒಮ್ಮೆ ಬಣ್ಣ ಹೋಯಿತೆಂದರೆ ಆ ಬಿಳಿ ಮರಳಿ ಬರುವುದಿಲ್ಲ. ಏಪ್ರಿಲ್ ಬಿಸಿಲಿಗೆ ಆಕಾಶದ ನೀಲಿ ಅರ್ಧ ಹರಡುವುದರೊಳಗೆ ಒಣಗಿ ಗೆರೆ ಬೀಳುತ್ತದೆ. ಜುಲೈ ಮಳೆಯಲ್ಲಿ ಅದೇ ನೀಲಿ ಮಧ್ಯಾಹ್ನವಾದರೂ ಒಣಗದೆ ಕೆಳಗಿಳಿದು ಗದ್ದೆ ಸೇರುತ್ತದೆ. ಇಷ್ಟನ್ನು ಕಲಿಯಲು ಕಾಕಾರಿಗೆ ಯಾವ ಗುರುವೂ ಇರಲಿಲ್ಲ, ಖರ್ಚಾದ ಕಾಗದದ ಲೆಕ್ಕ ಮಾತ್ರ ಇತ್ತು.

ಜುಲೈ ಅಂದಾಗ ನೆನಪಾಯಿತು. ಕಾಕಾರ ಮೆಚ್ಚಿನ ವಿಷಯ ಅಕ್ಕೋಳ-ಸಿದ್ನಾಳ ಸೇತುವೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಅದು ವೇದಗಂಗೆಯಲ್ಲಿ ಮುಳುಗುತ್ತದೆ. ಜತ್ರಾಟ-ಭೀವಶಿ ಸೇತುವೆಯ ಜತೆ ಅದರ ಹೆಸರೂ ಪೇಪರಿನಲ್ಲಿ ಬರುತ್ತದೆ. ಒಂದು ಮಳೆಗಾಲ, ಸೇತುವೆ ಅರ್ಧ ಬರೆಯುವುದರಲ್ಲಿ ಹೊಳೆ ಏರಿತು. ಪ್ರತಿಜ್ಞೆ ಮುರಿಯುವಂತಿಲ್ಲ, ವಿಷಯದ ಕಾಲಮಿನಲ್ಲಿ ಆಗಲೇ 'ಸೇತುವೆ' ಅಂತ ಬರೆದಾಗಿದೆ, ಹೊಡೆದು ತಿದ್ದಿದರೆ ಆಡಿಟಿನಲ್ಲಿ ಆಕ್ಷೇಪ ಬರುತ್ತದೆ. ಕಾಗದದ ತುಂಬ ಕೆಂಪು ನೀರನ್ನಷ್ಟೇ ಬರೆದು, ಕೆಳಗೆ 'ಸೇತುವೆ' ಎಂದು ಹೆಸರು ಹಾಕಿ, ಸಹಿ ಮಾಡಿದರು. ಅವರು ಬರೆದ ಏಕೈಕ ಅಮೂರ್ತ ಚಿತ್ರ ಅದು. ಊರಿನಲ್ಲಿ ಎಲ್ಲರಿಗೂ ಅರ್ಥವಾದದ್ದೂ ಅದೊಂದೇ.

ಊರಿನವರ ವಿಮರ್ಶೆ ಸಾಮಾನ್ಯವಾಗಿ ಅಷ್ಟು ಮೆತ್ತಗಿರುವುದಿಲ್ಲ. ನಿಪ್ಪಾಣಿ ಸೀಮೆಯ ಬೀಡಿ ತಂಬಾಕು ಕೊಯ್ದ ಮೇಲೆ ಬಿಸಿಲಿಗೆ ಹರವಿದಾಗ ಹಸಿರು ಬಿಟ್ಟು ಕಂದಿಗೆ ತಿರುಗುವ ನಡುವೆ ಒಂದು ಬಣ್ಣ ಬರುತ್ತದಲ್ಲ, ಅದನ್ನು ಹಿಡಿಯಲು ಕಾಕಾ ಒಂದು ಸುಗ್ಗಿಯಿಡೀ ಒದ್ದಾಡಿದರು. ಆ ಬಣ್ಣವನ್ನು ಕ್ಯಾಮೆಲ್ ಕಂಪನಿಯವರು ಮಾಡಿಲ್ಲ, ನಾವೇ ಕಲಸಿಕೊಳ್ಳಬೇಕು. ಕೊನೆಗೊಮ್ಮೆ ಸಿಕ್ಕಿತು ಅಂತ ಕುಣಿಯುತ್ತ ಪಕ್ಕದ ಹೊಲದವನಿಗೆ ಚಿತ್ರ ತೋರಿಸಿದರು. ಅವನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ, ಬೆರಳಿನಿಂದ ಒತ್ತಿಯೂ ನೋಡಿದ. "ಕಾಕಾ, ಇದು ಇನ್ನಾ ಎರಡ ದಿನ ಒಣಗಬೇಕರಿ. ಇದಕ್ಕ ದರಾ ಬರಂಗಿಲ್ಲ." ನನಗೆ ಕೇಳಿದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಕಾಕಾರಿಗೆ ಇನ್ನೂ ಬಂದಿಲ್ಲ. ಅವರು ಮಾತ್ರ ಎರಡು ದಿನ ಆ ಹೊಲದ ಕಡೆ ಹೋಗಲಿಲ್ಲ.

ಇನ್ನು ಚಿತ್ರಶಾಲೆಗಳ ದರ್ಶನ. ನಮ್ಮೂರಿನವರಿಗೆ ಕಲೆಯ ರಾಜಧಾನಿ ಬೆಂಗಳೂರಲ್ಲ, ಕೊಲ್ಹಾಪುರ. ನಿಪ್ಪಾಣಿಯಿಂದ ಹೆಚ್ಚೆಂದರೆ ನಲವತ್ತು ಕಿಲೋಮೀಟರ್. ಗಂಡ-ಹೆಂಡತಿ ಒಂದೇ ಬಸ್ಸಿಗೆ ಹೋಗಿ ಬೇರೆ ಬೇರೆ ದೇವರಿಗೆ ನಡೆದುಕೊಳ್ಳುತ್ತಾರೆ: ಕಾಕು ಅಂಬಾಬಾಯಿಗೆ, ಕಾಕಾ ಟೌನ್ ಹಾಲ್ ಮ್ಯೂಸಿಯಮ್ಮಿನ ಆಬಾಲಾಲ್ ರಹಿಮಾನರಿಗೆ. ಮುಂಬೈಯ ಜೆ.ಜೆ. ಸ್ಕೂಲಿನಲ್ಲಿ ಕಲಿತು ಊರಿಗೆ ಮರಳಿ, ಶಾಹು ಮಹಾರಾಜರ ಆಶ್ರಯದಲ್ಲಿ ಕೋಟಿತೀರ್ಥ ಕೆರೆಯ ದಂಡೆಯಲ್ಲಿ ಕೂತು, ಅದೇ ನೀರು, ಅದೇ ಗಿಡ, ಅದೇ ಬೆಳಕನ್ನು ಮತ್ತೆ ಮತ್ತೆ ಬರೆದ ಮನುಷ್ಯ ಆತ. 1922ರಲ್ಲಿ ಮಹಾರಾಜರು ತೀರಿಕೊಂಡಾಗ ದುಃಖ ತಾಳದೆ ತಮ್ಮ ಚಿತ್ರಗಳನ್ನು ಆ ಕೆರೆಗೇ ಹಾಕಿಬಿಟ್ಟರಂತೆ ಎಂಬ ಮಾತು ಕೊಲ್ಹಾಪುರದಲ್ಲಿದೆ. ಕಾಕಾ ಬಸ್ಸಿನಲ್ಲಿ ಇದನ್ನು ಗದ್ಗದಿತರಾಗಿ ಹೇಳಿದಾಗ ಕಾಕು ಕುಂಕುಮದ ಪೊಟ್ಟಣ ಬಿಚ್ಚುತ್ತ ಅಂದದ್ದು ಇಷ್ಟೇ: "ನಮ್ಮ ಹೊಳಿ ಏನ ದೂರ ಐತೇನ್ರಿ?"

ಗ್ಯಾಲರಿಯೊಳಗೆ ಕಾಕಾರನ್ನು ನೋಡಬೇಕು. ಚಿತ್ರದ ಎದುರು ನಿಂತು ಒಂದು ಕಣ್ಣು ಮುಚ್ಚುತ್ತಾರೆ, ಹೆಬ್ಬೆರಳು ಎತ್ತಿ ಅಳೆಯುತ್ತಾರೆ, ನಾಲ್ಕು ಹೆಜ್ಜೆ ಹಿಂದೆ ಹೋಗುತ್ತಾರೆ. ಹಿಂದೆ ಯಾರಿದ್ದಾರೆ ಅಂತ ನೋಡುವುದಿಲ್ಲ, ಕಾವಲುಗಾರನ ಪಾದಕ್ಕೆ ಅದರ ಅನುಭವವಿದೆ. ಆಮೇಲೆ ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ಸಹಿಯನ್ನೂ ತಾರೀಖನ್ನೂ ತಾಳೆ ನೋಡುತ್ತಾರೆ. ಚೌಕಟ್ಟು ಡೊಂಕಾಗಿದ್ದರೆ ತಿಳಿಸುತ್ತಾರೆ. ಹೊರಡುವಾಗ ಅಭಿಪ್ರಾಯದ ಪುಸ್ತಕ ತರಿಸಿಕೊಂಡು, ಹಿಂದಿನವರು 'ಅದ್ಭುತ', 'ಅಪ್ರತಿಮ' ಅಂತ ಬರೆದದ್ದರ ಕೆಳಗೆ ದುಂಡಗೆ ಬರೆಯುತ್ತಾರೆ: 'ದಫ್ತರ ಪರಿಶೀಲಿಸಲಾಯಿತು. ಸಮಾಧಾನಕರವಾಗಿದೆ.' ಕೆಳಗೆ ಸಹಿ, ತಾರೀಖು. ರಬ್ಬರ್ ಶಿಕ್ಕಾ ಒಂದನ್ನು ಸೊಸೈಟಿಗೆ ಮರಳಿಸಿ ಬಂದದ್ದಕ್ಕೆ ಅಲ್ಲಿ ಮಾತ್ರ ಕೊರಗುತ್ತಾರೆ.

ಮುಂಬೈಗೆ ಮದುವೆಗೆ ಹೋದಾಗ ಅಕ್ಷತೆ ಬೀಳುವ ಮೊದಲೇ ಕಾಲಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗಿದ್ದರು. 1952ರಲ್ಲಿ ತೆರೆದ ಆ ಗ್ಯಾಲರಿ ಆಗಲೆಂದು ಹೋಮಿ ಭಾಭಾ ಜತೆ ಒತ್ತಾಯಿಸಿದವರು ನಮ್ಮ ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಎಂಬ ಒಂದು ಸಂಗತಿಯ ಬಲದ ಮೇಲೆ ಕಾಕಾ ಒಳಗೆ ಯಜಮಾನರ ಠೀವಿಯಲ್ಲೇ ನಡೆದರು. ಪ್ರವೇಶ ಉಚಿತ ಅಂತ ತಿಳಿದು ಠೀವಿ ಇನ್ನಷ್ಟು ಹೆಚ್ಚಿತು. ಗೋಡೆ ತುಂಬುವಂಥ ಒಂದು ಕೆಂಪು ಚಿತ್ರದ ಬಳಿ ಕಲಾವಿದನೇ ನಿಂತಿದ್ದ. ಕಾಕಾ ಬೆಲೆ ಕೇಳಿದರು. ಅವನು ಹೇಳಿದ. ಕಾಕಾ ಉದ್ದ-ಅಗಲ ಕೇಳಿ, ಚದರ ಅಡಿಗೆ ಎಷ್ಟು ಬಿತ್ತು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ, "ನಿಪ್ಪಾಣಿ ಬಸ್‌ಸ್ಟ್ಯಾಂಡ್ ಹತ್ತಿರದ ಪ್ಲಾಟಿಗೂ ಈ ರೇಟ್ ಇಲ್ರಿ" ಅಂದರು. ಮದುವೆಯ ಊಟ ತಪ್ಪಿತು.

ಬೆಂಗಳೂರಿನ ಪ್ರವಾಸ ಬೇರೆಯೇ ಬಗೆಯದು. ಜನವರಿಯ ಭಾನುವಾರವೊಂದರಂದು ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತದೆ. ಸಾವಿರಕ್ಕೂ ಮಿಕ್ಕಿ ಕಲಾವಿದರು ರಸ್ತೆಯ ಎರಡೂ ಬದಿ ಚಿತ್ರ ಹರಡುತ್ತಾರೆ. ಕಾಕಾ ರಾಣಿ ಚೆನ್ನಮ್ಮ ರೈಲಿನಲ್ಲಿ ರಾತ್ರಿಯಿಡೀ ಕೂತು ಹೋಗಿ, ಸಂಜೆಯವರೆಗೆ ಪ್ರತಿ ಮಳಿಗೆಯಲ್ಲೂ ಬೆಲೆ ವಿಚಾರಿಸಿ, ಒಂದು ಚಿತ್ರವನ್ನೂ ಕೊಳ್ಳದೆ, ಎರಡು ನಂಬರಿನ ಒಂದು ಬ್ರಶ್ ಖರೀದಿಸಿ ವಿಶ್ರಮಿಸುತ್ತಾರೆ. ಮರುದಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಗೆ, ಅಂದರೆ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಹೋಗುತ್ತಾರೆ. ಅದಕ್ಕೆ ಸೋಮವಾರ ರಜೆ. ಸಂತೆ ಎಂದೂ ಭಾನುವಾರವೇ ಬರುವುದರಿಂದ ಮರುದಿನ ಎಂದೂ ಸೋಮವಾರವೇ ಆಗುತ್ತದೆ ಎಂಬ ಲೆಕ್ಕ, ಇಷ್ಟು ವರ್ಷ ಬಡ್ಡಿ ಹಾಕಿದ ಮನುಷ್ಯನಿಗೆ ಇನ್ನೂ ಹೊಳೆದಿಲ್ಲ. ಆ ಕಟ್ಟಡದ ಗೇಟನ್ನು ಮಾತ್ರ ಅವರು ಬಹಳ ಚೆನ್ನಾಗಿ ಬರೆಯುತ್ತಾರೆ.

ಕಾಕಾರ ಬಾಳಿನ ದೊಡ್ಡ ಪೆಟ್ಟು ಮೈಸೂರಿನಲ್ಲಿ ಬಿತ್ತು. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವಿದೆಯಲ್ಲ, ಕ್ಯಾಲೆಂಡರಿನಲ್ಲಿ, ಬಿಸ್ಕಿಟ್ ಡಬ್ಬಿಯ ಮೇಲೆ ನಾವೆಲ್ಲ ನೋಡಿದ್ದು, ಅದನ್ನು ಕಣ್ಣಾರೆ ನೋಡಬೇಕು ಅಂತ ಎಷ್ಟೋ ವರ್ಷದ ಆಸೆ. ನಮ್ಮಲ್ಲಿ ಬಹಳ ಮಂದಿಯಂತೆ ಕಾಕಾ ಕೂಡ ಅದನ್ನು ರಾಜಾ ರವಿವರ್ಮನದೆಂದೇ ನಂಬಿದ್ದರು. ಅಷ್ಟು ದೂರ ಹೋಗಿ, ಎದುರು ನಿಂತು, ಒಂದು ಕಣ್ಣು ಮುಚ್ಚುವ ಮೊದಲೇ ಹೆಸರು ಓದಿದರು: ಎಸ್.ಎಲ್. ಹಳದಣಕರ. ಸಾವಂತವಾಡಿಯವರು, ನಮ್ಮ ಬೆಳಗಾವಿಯ ಘಟ್ಟ ಇಳಿದರೆ ಸಿಗುವ ಊರು. ಜತೆಗೆ ಅದು ಎಣ್ಣೆ ಬಣ್ಣವಲ್ಲ, ಜಲವರ್ಣ. ಕಾಕಾ ದಿನವೂ ಸೋಲುವ ಅದೇ ಜಲವರ್ಣ. ದೀಪದ ಬೆಳಕು ಬೆರಳ ಸಂದಿಯಲ್ಲಿ ಕೆಂಪಾಗಿ ಸೋರುವುದನ್ನು ನೀರು-ಬಣ್ಣದಲ್ಲಿ ಒಬ್ಬ ಮನುಷ್ಯ ಬರೆದಿದ್ದಾನೆ ಎಂಬುದನ್ನು ಜೀರ್ಣಿಸಿಕೊಳ್ಳಲು ಅವರಿಗೆ ಸಂಜೆಯಾಯಿತು. ಆ ದಿನ ಅಭಿಪ್ರಾಯದ ಪುಸ್ತಕ ಕೇಳಲೇ ಇಲ್ಲ.

ನಿಜವಾದ ಪೆಟ್ಟು ಅದಲ್ಲ. ಊರಿಗೆ ಬಂದ ಮೇಲೆ ಗೊತ್ತಾಯಿತು, 1945ರ ದೀಪಾವಳಿಯ ಹೊತ್ತಿಗೆ ಆ ಚಿತ್ರಕ್ಕೆ ದೀಪ ಹಿಡಿದು ನಿಂತವರು ಹಳದಣಕರರ ಮಗಳು ಗೀತಾ, ಆಮೇಲೆ ಗೀತಾ ಉಪಳೇಕರ. ಅವರು ನೂರೆರಡು ವರ್ಷ ಬದುಕಿ 2018ರಲ್ಲಿ ತೀರಿಕೊಂಡರು. ಎಲ್ಲಿ? ಕೊಲ್ಹಾಪುರದಲ್ಲಿ. ಕಾಕಾ ಪ್ರತಿ ಸಲ ಬಸ್ ಇಳಿಯುತ್ತಿದ್ದ ಅದೇ ಊರಿನಲ್ಲಿ.

"ನಾ ಅಂಬಾಬಾಯಿ ಗುಡ್ಯಾಗ ಅವರನ್ನ ನೋಡಿದ್ರೂ ನೋಡಿರಬೇಕು," ಅಂದರು ಕಾಕು. ಕಾಕಾ ಒಂದು ವಾರ ಮಾತಾಡಲಿಲ್ಲ. ಚಿತ್ರ ಮಾತ್ರ ದಿನಕ್ಕೊಂದು ಬರೆದರು, ರಜಿಸ್ಟರಿನಲ್ಲಿ ಏಳೂ ದಿನ ವಿಷಯ ಒಂದೇ: 'ದೀಪ.' ಶೇರಾ: 'ಹತ್ತಲಿಲ್ಲ.'

ಕಾಕಾರ ಚಿತ್ರಗಳು ಹೇಗಿರುತ್ತವೆ ಅಂತ ಕೇಳುವವರಿಗೆ ನನ್ನ ತೀರ್ಪು: ನೀರು ಚೆನ್ನಾಗಿದೆ, ಎಮ್ಮೆ ನಡೆಯುತ್ತದೆ. ಮುಖ ಬರೆಯಲು ಬಾರದ ಕಾರಣ ಮನುಷ್ಯರೆಲ್ಲ ಸೊಸೈಟಿಯ ಕಟಬಾಕಿದಾರರ ಹಾಗೆ ಬೆನ್ನು ತಿರುಗಿಸಿ ನಿಂತಿರುತ್ತಾರೆ. ಮಾರಾಟಕ್ಕಿಲ್ಲ, ಕೇಳಿದವರೂ ಇಲ್ಲ.

ಮುಂದಿನ ಜನವರಿಯಲ್ಲಿ ಚಿತ್ರಸಂತೆಯಲ್ಲಿ ಮಳಿಗೆ ಹಾಕುವ ಕಲಾವಿದರಲ್ಲಿ ಒಂದು ವಿನಂತಿ. ಬಿಳಿ ಟೋಪಿಯ ಒಬ್ಬ ಹಿರಿಯರು ಬಂದು, ಹೆಬ್ಬೆರಳೆತ್ತಿ ನಿಮ್ಮ ಚಿತ್ರ ಅಳೆದು, ಬೆಲೆ ಕೇಳಿದರೆ ಸಮಾಧಾನದಿಂದ ಹೇಳಿ, ರಸೀತಿ ಪುಸ್ತಕ ಮಾತ್ರ ತೆಗೆಯಬೇಡಿ. ಮತ್ತೆ, ಮರುದಿನ ಸೋಮವಾರ ಅಂತ ದಯವಿಟ್ಟು ಯಾರಾದರೂ ಅವರಿಗೆ ತಿಳಿಸಿ.